ಕೈ ಕುಲುಕುವ ಸಾಲಿನಲ್ಲಿ

ಫಿಂಟನ್ ಅವಳಿಗೆ ಹೇಳಿದ ಮೊದಲನೆಯ ಮಾತೇ ಸುಳ್ಳು.

"ನಮ್ಮನೇಲಿ ಟಿವಿ ಇಲ್ಲ."

ಬ್ರೋನಾ ಇನ್ನೂ ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು. ಡಬ್ಲಿನ್ ನಂಬರಿನ ಕಾರು, ಇಸ್ತ್ರಿ ಮಾಡಿದ ಕೋಟು, ಹೆಗಲಿಗೊಂದು ಬ್ಯಾಗು. ಟಿವಿ ಇಟ್ಟುಕೊಂಡವರು ವರ್ಷ ವರ್ಷ ಲೈಸೆನ್ಸ್ ಕಟ್ಟಬೇಕಾದ ದೇಶ ಅದು. ಇಂಥ ವೇಷದಲ್ಲಿ ರಾಸ್ಕಾಮನ್ ಕಡೆಯ ಹಳ್ಳಿಗೆ ಬರುವ ಹೆಂಗಸು ಲೈಸೆನ್ಸ್ ಇನ್ಸ್‌ಪೆಕ್ಟರ್ ಅಲ್ಲದೆ ಇನ್ಯಾರು? ಆ ಊರಿನ ಯಾವ ಗಂಡಸೂ ಹಾಗೇ ಅಂದುಕೊಳ್ಳುತ್ತಿದ್ದ. ಪಾಪ, ಅಷ್ಟರಲ್ಲಿ ಒಳಗಿನಿಂದ ಕುದುರೆ ರೇಸಿನ ಕಾಮೆಂಟರಿ ಮನೆ ಹಾರಿಹೋಗುವ ಹಾಗೆ ಕೇಳಿಸಿತು.

"ಹಾಗಾದ್ರೆ ಅಡುಗೆಮನೇಲಿ ಓಡ್ತಿರೋದು ನಿಜವಾದ ಕುದುರೇನಾ?"

ಅವನ ಕಿವಿ ತುದಿಯಿಂದ ಬುಡದವರೆಗೆ ಕೆಂಪಾಯಿತು. ಅವಳು ಅದನ್ನೇ ನೋಡುತ್ತ ನಿಂತಳು. ನೋಡುತ್ತಿದ್ದಾಳೆ ಅಂತ ಗೊತ್ತಾಗಿ ಅವನು ಒಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡ.

"ನಿಮಗೆ ಸುಳ್ಳು ಹೇಳೋಕೆ ಬರಲ್ಲ ಬಿಡಿ," ಅಂದಳು. "ಕಿವಿ ಹೇಳಿಬಿಡುತ್ತೆ."

ಇಬ್ಬರೂ ನಕ್ಕರು. ಅಮ್ಮ ತೀರಿಕೊಂಡ ಮೇಲೆ ಬ್ರೋನಾ ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು. ಅಷ್ಟಕ್ಕೇ ಮನಸ್ಸು ಕೊಟ್ಟುಬಿಟ್ಟಳಾ ಅಂದರೆ, ಹೌದು, ಅಷ್ಟಕ್ಕೇ. ಸುಳ್ಳು ಹೇಳಲಾರದ ಗಂಡಸು ಎಲ್ಲಿ ಸಿಗುತ್ತಾನೆ ಅಂತ ಅವಳ ಲೆಕ್ಕ.

ಅವಳ ಅಮ್ಮ ಇಮೆಲ್ಡಾ ಹುಟ್ಟಿದ್ದು ಮದುವೆಯಾಗದ ಬಸುರಿಯರನ್ನು ಕನ್ಯಾಸ್ತ್ರೀಯರು ಇಟ್ಟುಕೊಳ್ಳುತ್ತಿದ್ದ ಒಂದು ಹೋಮಿನಲ್ಲಿ. ಅಲ್ಲಿಂದ ಮಗುವನ್ನು ಡಬ್ಲಿನ್ನಿನ ದಂಪತಿಗೆ ದತ್ತು ಕೊಟ್ಟರು. ಹೆತ್ತವಳ ಹೆಸರನ್ನು ಯಾರೂ ಹೇಳಲಿಲ್ಲ. ನಮ್ಮಮ್ಮ ನನ್ನ ಮುಖ ಸರಿಯಾಗಿ ನೋಡಿದ್ದಳಾ, ಇಲ್ಲ ನೋಡದೇ ಕೊಟ್ಟುಬಿಟ್ಟಳಾ ಅಂತ ಕೇಳುತ್ತಲೇ ಇಮೆಲ್ಡಾ ಮುದುಕಿಯಾದಳು, ಕ್ಯಾನ್ಸರ್ ಬಂದು ಸತ್ತಳು. ಅಮ್ಮನ ಬೂದಿಯನ್ನು ಬ್ರೋನಾ ಮನೆಯಲ್ಲೇ ಇಟ್ಟುಕೊಂಡಿದ್ದಳು. ಹೆತ್ತವಳು ಎಲ್ಲಿ ಮಲಗಿದ್ದಾಳೋ ಹುಡುಕಿ, ಅಮ್ಮನನ್ನು ಅವಳ ಪಕ್ಕದಲ್ಲೇ ಮಲಗಿಸಬೇಕು ಅನ್ನುವುದೊಂದೇ ಅವಳ ಆಸೆ. ಎಂಜಲು ಕಳಿಸಿ ನಂಟರನ್ನು ಪತ್ತೆ ಮಾಡಿಸುವ ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ಶಿಕಾಗೋದ ದೂರದ ನಂಟನೊಬ್ಬ ಸಿಕ್ಕಿ, ನಮ್ಮ ಕಡೆ ಇದ್ದದ್ದು ಟ್ಯಾನ್ಸಿ ಮನೆಯ ಅಕ್ಕತಂಗಿಯರು ಇಬ್ಬರೇ, ನಿಮ್ಮಮ್ಮನನ್ನು ಹೆತ್ತವಳು ಅವರಲ್ಲೊಬ್ಬಳೇ ಇರಬೇಕು ಅಂದ. ಅಕ್ಕ ಡೀಲಿಯಾ ಇಂಗ್ಲೆಂಡಿಗೆ ಹೋಗಿ ಅಲ್ಲೇ ಸತ್ತಿದ್ದಳು. ತಂಗಿ ನೋನಿ ಈ ಮನೆಯಲ್ಲೇ, ರೇಸು ನೋಡುತ್ತ ಕೂತಿದ್ದಳು.

ನೋನಿ ಫಿಂಟನ್‌ನ ತಾತನಿಗೆ ಎರಡನೆಯ ಹೆಂಡತಿ. ಮಕ್ಕಳಾಗಲಿಲ್ಲ. ಫಿಂಟನ್‌ನನ್ನು ಎತ್ತಿ ಆಡಿಸಿ ಸಾಕಿದವಳು, ರಕ್ತದ ನಂಟು ಮಾತ್ರ ಇಲ್ಲ.

ಮುದುಕಿ ಟಿವಿ ಆರಿಸಿ ಎಲ್ಲ ಕೇಳಿಸಿಕೊಂಡಳು. ಆಮೇಲೆ, ಅದು ಡೀಲಿಯಾ, ನಮ್ಮಪ್ಪ ಅವಳನ್ನು ಹೋಮಿಗೆ ಬಿಟ್ಟುಬಂದಿದ್ದ, ಅಷ್ಟೇ ನನಗೆ ಗೊತ್ತಿರೋದು ಅಂದಳು. ಚಹಾ ಬಗ್ಗಿಸಿದಳು. ಬ್ರೋನಾ ಎದ್ದು ಹೊರಟಾಗ ಮಣಿಕಟ್ಟು ಹಿಡಿದು ನಿಲ್ಲಿಸಿ, ತಲೆಬುಡವಿಲ್ಲದ ಒಂದು ಪ್ರಶ್ನೆ ಕೇಳಿದಳು.

"ನಿಮ್ಮಮ್ಮನಿಗೆ ಕಾಲು ತಣ್ಣಗಾಗ್ತಿತ್ತಾ?"

ಆಗ್ತಿತ್ತು, ಬೇಸಿಗೆಯಲ್ಲೂ ಎರಡೆರಡು ಕಾಲುಚೀಲ ಹಾಕ್ಕೊಂಡೇ ಮಲಗ್ತಿದ್ದಳು ಅಂದಳು ಬ್ರೋನಾ. ಮುದುಕಿ ಕೈಬಿಟ್ಟು, ಚೆನ್ನಾಗಿ ಉರಿಯುತ್ತಿದ್ದ ಒಲೆಗೇ ಮತ್ತೆ ಸೌದೆ ತುಂಬಿದಳು. ವಯಸ್ಸಾಯಿತು, ಏನೋ ಕೇಳುತ್ತಾಳೆ ಅಂದುಕೊಂಡು ಬ್ರೋನಾ ಹೊರಟಳು.

ಆಮೇಲೆ ಆ ಗೇಟಿನ ಚಿಲಕ ಪ್ರತಿ ಶನಿವಾರ ಸದ್ದು ಮಾಡತೊಡಗಿತು. ನೋನಿಯನ್ನು ನೋಡಲು ಅಂತ ಹೆಸರು. ಟಿವಿ ಲೈಸೆನ್ಸ್ ಬಂತಾ ಅಂತ ಅವಳು ಕೇಳುವುದು, ಯಾವ ಟಿವಿ ಅಂತ ಅವನು ಅನ್ನುವುದು, ಅವಳು ಅವನ ಕಿವಿ ನೋಡುವುದು. ನೀವು ಹೋಗಿ ನೀನು ಬಂತು. ಬೇಸಿಗೆಯಲ್ಲಿ ಇಬ್ಬರೂ ಅಮ್ಮನ ಬೂದಿ ಹಿಡಿದು, ಡೀಲಿಯಾ ಸತ್ತ ಇಂಗ್ಲೆಂಡಿನ ಕಾವೆಂಟ್ರಿಗೆ ಹೋದರು. ಹಡಗಿನ ಕಟಕಟೆ ಹಿಡಿದು ನಿಂತಿದ್ದಾಗ ಅವಳೇ ಮೊದಲು ಹೇಳಿದಳು, ನೀನಿಲ್ಲದ ಶನಿವಾರ ನನಗಿನ್ನು ಬೇಡ ಅಂತ. ಅವನು ಅವಳ ಎರಡೂ ಕೈಗಳನ್ನು ತನ್ನ ಜೇಬಿನೊಳಗೆ ಇಟ್ಟುಕೊಂಡ. ಆ ಹೊತ್ತಿಗೆ ಅವಳಿಗೆ ಅಷ್ಟೇ ಸಾಕಾಗಿತ್ತು.

ಕಾವೆಂಟ್ರಿಯ ಸ್ಮಶಾನದಲ್ಲಿ ಡೀಲಿಯಾಳ ಸಮಾಧಿ ಸಿಕ್ಕಿತು. ಊರಲ್ಲಿ ಸತ್ತ ನೆರೆಯವರಿಗೆ ಗುಂಡಿ ತೋಡಿ ಪಳಗಿದ ಕೈ ಫಿಂಟನ್‌ದು. ಕಲ್ಲಿನ ಬುಡದಲ್ಲಿ ಚೊಕ್ಕವಾಗಿ ಮಣ್ಣು ತೆಗೆದುಕೊಟ್ಟ. ಅಮ್ಮನ ಬೂದಿಯನ್ನು ಒಂದು ಚಿಟಿಕೆಯೂ ಉಳಿಸದೆ ಬ್ರೋನಾ ಅಲ್ಲಿ ಸುರಿದು, ಮಣ್ಣು ಮುಚ್ಚಿ, ಅವನ ಎದೆಗೊರಗಿ ಅತ್ತಳು. ಆ ಸುಡುಬಿಸಿಲಿನಲ್ಲೂ ಅವನು ಉಣ್ಣೆ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡಿದ್ದ.

ಚಳಿಗಾಲ ಶುರುವಾಗುವಾಗ ನೋನಿ ಸತ್ತಳು.

ಆ ಊರಿನ ಪದ್ಧತಿಯೇ ಹಾಗೆ. ಹೆಣವನ್ನು ಮನೆಯ ನಡುಕೋಣೆಯಲ್ಲಿ ಮುಚ್ಚಳ ತೆರೆದ ಪೆಟ್ಟಿಗೆಯಲ್ಲಿಟ್ಟು, ಮನೆಯವರು ಪಕ್ಕದಲ್ಲಿ ಸಾಲಾಗಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಊರವರು ಒಬ್ಬರ ಹಿಂದೊಬ್ಬರು ಬಂದು ಪ್ರತಿಯೊಬ್ಬರ ಕೈ ಕುಲುಕಿ ಒಂದೇ ಮಾತು ಹೇಳುತ್ತಾರೆ: ನಿಮ್ಮ ದುಃಖದಲ್ಲಿ ನಾನೂ ಇದ್ದೀನಿ. ಬ್ರೋನಾ ರಸ್ತೆಯವರೆಗೆ ಚಾಚಿದ್ದ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ನೋನಿಯ ಕೈ ಮುಟ್ಟಿ, ಕೂತಿದ್ದವರ ಕೈ ಕುಲುಕುತ್ತ ಫಿಂಟನ್ ಹತ್ತಿರ ಬಂದಳು.

"ನಿನ್ನ ದುಃಖದಲ್ಲಿ ನಾನೂ ಇದ್ದೀನಿ ಕಣೋ."

ಅವನು ಕೂತಲ್ಲಿಂದ ಎದ್ದ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಅವಳನ್ನು ಹಿತ್ತಿಲಿನ ಸೌದೆ ಕೊಟ್ಟಿಗೆಗೆ ಕರೆದುಕೊಂಡು ಹೋದ. ಅಲ್ಲಿ, ಅವಳ ಮುಖ ನೋಡಲಾರದೆ, ಸೌದೆ ರಾಶಿಗೆ ಹೇಳಿದ.

"ಡೀಲಿಯಾ ಅಲ್ಲ. ನೋನಿ. ನೀನು ಮೊದಲ ಸಲ ಬಂದು ಹೋದೆಯಲ್ಲ, ಅವತ್ತೇ ನಂಗೆ ಹೇಳಿದ್ಲು. ಬಾಯಿ ಬಿಡಲ್ಲ ಅಂತ ಆಣೆ ಮಾಡಿಸಿಕೊಂಡ್ಲು."

ಎಷ್ಟು ಶನಿವಾರ ಬ್ರೋನಾ ಆ ಮುದುಕಿಯ ಕೈಯಿಂದ ಚಹಾ ಕುಡಿದಿದ್ದಳು. ಅಜ್ಜಿ ಅಂತ ಒಂದು ಸಲ ಕರೆಯಬಹುದಿತ್ತು.

"ಕಾವೆಂಟ್ರೀಲಿ ನಮ್ಮಮ್ಮನನ್ನ ಯಾರ ಜೊತೆ ಮಲಗಿಸಿ ಬಂದೆ ನಾನು?" ಅಂದಳು. "ಗುಂಡಿ ತೋಡಿದೋನು ನೀನೇ ಅಲ್ವಾ?"

"ಹೇಳಬೇಕು ಅಂತಲೇ ಕಾವೆಂಟ್ರಿಗೆ ಬಂದಿದ್ದೆ. ಆಣೆ ಅನ್ನೋದು ಅರ್ಧ ಕಾರಣ ಮಾತ್ರ, ಬ್ರೋನಾ. ಅಷ್ಟರಲ್ಲಿ ಹಡಗಿನಲ್ಲಿ ನೀನು ಆ ಶನಿವಾರದ ಮಾತು ಹೇಳಿದೆ. ಹೇಳಿದ್ರೆ ಬಿಟ್ಟುಬಿಡ್ತೀಯ ಅಂತ ಹೆದರಿದೆ. ನೀನಂದ್ರೆ ನಂಗೆ ಪ್ರಾಣ."

ಈ ಮಾತಿಗಾಗಿ ಅವಳು ಬೇಸಿಗೆಯಿಡೀ ಕಾದಿದ್ದಳು. ಈಗ ಬಂತು, ಸೌದೆ ಕೊಟ್ಟಿಗೆಯಲ್ಲಿ, ಯಾರಿಗೆ ಬೇಕು?

"ಅದಕ್ಕೇ ಅವತ್ತು ನೀನು ಟೋಪಿ ಹಾಕ್ಕೊಂಡಿದ್ದೆ," ಅಂದಳು. "ಅವಳು ನಮ್ಮಮ್ಮನ ಮುಖ ನೋಡಿದ್ಲಾ?"

ನೋಡಿದ್ದಳಂತೆ. ಹಾಲು ಕುಡಿಸಿ ತಿಂಗಳುಗಟ್ಟಲೆ ಸಾಕಿದ್ದಳಂತೆ. ಹೋಮಿನಲ್ಲಿ ನೋನಿ ಬಟ್ಟೆ ಒಗೆಯುತ್ತಿದ್ದಾಗ ಒಬ್ಬ ಕನ್ಯಾಸ್ತ್ರೀ ಮಗುವನ್ನು ಶಾಲಿನಲ್ಲಿ ಸುತ್ತಿ ಕಾರಿಗೆ ಒಯ್ದಳು. ಕಿಟಕಿಯಿಂದ ನೋನಿಗೆ ಕಂಡದ್ದು ಶಾಲಿನಿಂದ ಹೊರಗೆ ಜೋತಾಡುತ್ತಿದ್ದ ಎರಡು ಬರಿಗಾಲು. ಹೊರಗೆ ಹಿಮ ಬಿದ್ದಿತ್ತು. ಕಾಲುಚೀಲ ಹಾಕಿ ಅಂತ ಕೂಗಿದಳು, ಕಾರು ಹೊರಟುಹೋಯಿತು.

ಬ್ರೋನಾ ಸೌದೆಯ ಮೇಲೆ ಕೂತಳು. ಅಮ್ಮ ಸಾಯುವವರೆಗೆ ಕೇಳಿದ ಪ್ರಶ್ನೆಗೆ ಉತ್ತರ ಆವತ್ತೇ ಸಿಕ್ಕಿತ್ತು, ನೋನಿಯೇ ಮಣಿಕಟ್ಟು ಹಿಡಿದು ಕೊಟ್ಟಿದ್ದಳು, ಇವಳಿಗೇ ತಿಳಿಯಲಿಲ್ಲ. ಫಿಂಟನ್ ಹತ್ತಿರ ಬಂದ. ಅವಳು ಕೈಯಡ್ಡ ಮಾಡಿ ತಡೆದಳು.

"ನಾಳೆ ಪೆಟ್ಟಿಗೆಗೆ ಹೆಗಲು ಕೊಡೋರಲ್ಲಿ ನೀನೂ ಒಬ್ಬ ಅಲ್ವಾ? ಆ ಜಾಗ ನಂದು. ಬಿಡು."

ಮರುದಿನ ಚರ್ಚಿನ ಬಾಗಿಲಲ್ಲಿ ಅವಳು ಪೆಟ್ಟಿಗೆಯ ಮುಂಭಾಗಕ್ಕೆ ಹೆಗಲು ಕೊಟ್ಟಾಗ ಗುಸುಗುಸು ಎದ್ದಿತು. ಫಿಂಟನ್‌ನ ಚಿಕ್ಕಪ್ಪ ಮಾರ್ಟಿ, ಯಾರು ಈ ಹೆಂಗಸು ಅಂತ ಗದರಿದ. ಫಿಂಟನ್ ಟೋಪಿ ತೆಗೆದ.

"ನೋನಿಯ ಮೊಮ್ಮಗಳು," ಅಂದ, ಊರಿಗೆಲ್ಲ ಕೇಳಿಸುವ ಹಾಗೆ. "ಮಗಳ ಮಗಳು."

ಅವನ ಕಿವಿ ಕೆಂಪಾಗಿರಲಿಲ್ಲ. ಬ್ರೋನಾ ಅದನ್ನು ನೋಡಿದಳು, ನೋಡಿ ಹೆಗಲಿನ ಭಾರ ಸರಿಮಾಡಿಕೊಂಡಳು.

ಮಣ್ಣು ಮುಚ್ಚಿದ ಮೇಲೆ ಸಾಲು ಅವಳ ಕಡೆ ತಿರುಗಿತು. ಊರವರು ಒಬ್ಬೊಬ್ಬರೇ ಬಂದು ಕೈ ಕುಲುಕಿದರು. ಒಬ್ಬ ಮುದುಕಿ ಕಿವಿಯ ಹತ್ತಿರ ಬಗ್ಗಿ, ಅವಳು ಹೋಮಿಗೆ ಹೋಗಿಬಂದದ್ದು ನಮಗೆಲ್ಲ ಗೊತ್ತಿತ್ತು ಮಗಳೇ ಅಂದಳು. ಗೊತ್ತಿತ್ತಂತೆ. ಬ್ರೋನಾ ಅವಳಿಗೂ ಥ್ಯಾಂಕ್ಸ್ ಹೇಳಿದಳು, ಇನ್ನೇನು ಹೇಳುವುದು.

ಸಾಲಿನ ಕೊನೆಯಲ್ಲಿ ಫಿಂಟನ್ ನಿಂತಿದ್ದ. ಸಾವಿನ ಮನೆಯವನಾಗಿ ಅಲ್ಲ, ಬೇರೆಯವರ ಹಾಗೆ ಟೋಪಿ ಕೈಯಲ್ಲಿ ಹಿಡಿದು, ತನ್ನ ಸರದಿಗೆ ಕಾದು ಬಂದ. ಅವಳ ಕೈ ಹಿಡಿದ. ಅವನ ಬೆರಳಲ್ಲಿ ಇನ್ನೂ ಗುಂಡಿಯ ಮಣ್ಣಿತ್ತು. ಹಡಗಿನಲ್ಲಿ ತನ್ನ ಕೈಗಳನ್ನು ಜೇಬಿನೊಳಗೆ ಬೆಚ್ಚಗಿಟ್ಟದ್ದು ಇದೇ ಕೈ ಅಂತ ಅವಳಿಗೆ ನೆನಪಾಯಿತು.

"ನಿಮ್ಮ ದುಃಖದಲ್ಲಿ ನಾನೂ ಇದ್ದೀನಿ," ಅಂದ.

ನಿನ್ನ ಅನ್ನಲಿಲ್ಲ, ಅಷ್ಟರ ಮಟ್ಟಿಗೆ ಅವನಿಗೆ ಅರ್ಥವಾಗಿತ್ತು.

"ಬಂದಿದ್ದಕ್ಕೆ ಥ್ಯಾಂಕ್ಸ್," ಅಂದಳು ಬ್ರೋನಾ, ಎಲ್ಲರಿಗೂ ಹೇಳಿದ ಹಾಗೆಯೇ. ಎಲ್ಲರ ಕೈ ಹಿಡಿದಷ್ಟೇ ಹೊತ್ತು ಹಿಡಿದು, ಬಿಟ್ಟು, ಅವನ ಹಿಂದಿರುವವರ ಕಡೆಗೆ ಕೈ ಚಾಚಿದಳು. ಅವನ ಹಿಂದೆ ಯಾರೂ ಇರಲಿಲ್ಲ.