ಬೆಳಗಿನ ಆರರಿಂದ ಏಳು

ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಸುಕೇಶನಿಗೆ ಮೊದಲ ನಿಮಿಷದಲ್ಲೇ ಖಾತ್ರಿಯಾಯಿತು.

ಕುವೈತಿನ ರಾಯ್ ಎಂಬ ಇಂಡಸ್ಟ್ರಿಯಲ್ ಏರಿಯಾದ ಆ ರಿಪೇರಿ ಶೆಡ್ಡಿಗೆ ಹುಡುಗಿಯರು ಬರುವುದೇ ಇಲ್ಲ. ಸೂಪರ್ ಮಾರ್ಕೆಟ್ಟಿನ ಟ್ರಾಲಿ, ಆಸ್ಪತ್ರೆಯ ಸ್ಟ್ರೆಚರ್, ಬೇಕರಿಯ ಬೆಲ್ಟು, ಚಕ್ರ ಕೆಟ್ಟದ್ದೆಲ್ಲ ಬರುತ್ತದೆ. ಇವಳು ಕಂಕುಳಲ್ಲಿ ಎರಡು ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಅವುಚಿಕೊಂಡು ಬಂದಿದ್ದಳು. ಪಟ್ಟಿಯ ಎರಡೂ ತುದಿಗೆ ಒಂದೊಂದು ಚಕ್ರ.

“ಬೇರಿಂಗ್ ಜಾಮ್ ಆಗಿದೆ. ಒಳಗೆ ಮರಳು ಹೋಗಿದೆ ಅನ್ಸುತ್ತೆ.”

“ಇದು ಎಂತ?”

“ಸ್ಕೀ. ಸ್ನೋ ಇಲ್ಲದಾಗ ರೋಡಿನಲ್ಲಿ ಪ್ರಾಕ್ಟೀಸ್ ಮಾಡುವ ರೋಲರ್ ಸ್ಕೀ. ನಾನು ಕ್ರಾಸ್ ಕಂಟ್ರಿ ಸ್ಕೀ ರೇಸರ್.”

ಸುಕೇಶ ಹೊರಗೆ ನೋಡಿದ. ಏಪ್ರಿಲ್ ತಿಂಗಳು. ಗಾಳಿಯಲ್ಲಿ ಧೂಳು ಹಾರಿ ಆಕಾಶಕ್ಕೆ ಒಂಟೆಯ ಬಣ್ಣ ಬಂದಿತ್ತು.

“ಹಾಗಾದರೆ ನಾನು ಸಬ್‌ಮೆರಿನ್ ಡ್ರೈವರ್,” ಎಂದ.

ಅವಳು ನಕ್ಕಳು. ಮೊದಲು ಕಣ್ಣು ನಕ್ಕಿತು, ಆಮೇಲೆ ಎಡಗೆನ್ನೆ, ಕೊನೆಗೆ ಬಾಯಿ. ಇಷ್ಟು ಸಾವಕಾಶವಾಗಿ ನಗುವವರನ್ನು ನಂಬಬಾರದು ಎಂದುಕೊಂಡು ಸುಕೇಶ ಸ್ಪ್ಯಾನರ್ ಎತ್ತಿಕೊಂಡ.

ನಂಬುವ ಅಭ್ಯಾಸ ಅವನಿಗೆ ಇರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಯಾರದೋ ವಾಚು ಕಳೆದಾಗ ಮೇಷ್ಟ್ರು ಅವನನ್ನೇ ಬೆಂಚಿನ ಮೇಲೆ ನಿಲ್ಲಿಸಿದರು. ಕದ್ದಿರಲಿಲ್ಲ. ಬೆಂಚಿನಿಂದ ಇಳಿದವನು ಶಾಲೆಯಿಂದಲೂ ಇಳಿದ. ಮುಂದೆ ಏಜೆಂಟ್ ಒಬ್ಬ ‘ಟೆಕ್ನಿಷಿಯನ್ ವೀಸಾ’ ಎಂದು ಹೇಳಿ ಮನೆ ಡ್ರೈವರ್ ವೀಸಾ ಕೈಗಿತ್ತ. ವಾಸದ ಪರವಾನಗಿಯಾದ ಇಕಾಮಾ ಪ್ರಕಾರ ಅವನು ವೀಸಾ ಕೊಟ್ಟ ಅರಬ್ಬಿ ಯಜಮಾನ, ಅಂದರೆ ಕಫೀಲನ ಮನೆಯ ಕಾರು ಓಡಿಸಬೇಕು. ಓಡಿಸುತ್ತಿದ್ದದ್ದು ರೋಹಿದಾಸಣ್ಣನ ವರ್ಕ್‌ಶಾಪ್. ಸಿಕ್ಕಿಬಿದ್ದರೆ ಮರುದಿನವೇ ವಿಮಾನ. ಇಪ್ಪತ್ತಾರು ವರ್ಷಕ್ಕೇ ಜಗತ್ತಿನ ಮೇಲೆ ಇಷ್ಟು ಸಿಟ್ಟು ಬೇರೆ ಯಾರಿಗೂ ಇದ್ದಿರಲಾರದು.

ಹುಡುಗಿಯ ಹೆಸರು ಲವಿಟಾ ಮಥಾಯಸ್. ಹುಟ್ಟಿದ್ದು ಕುವೈತಿನಲ್ಲೇ, ಮನೆ ಫಹಾಹೀಲಿನಲ್ಲಿ. ಪಿಯುಸಿಗೆಂದು ಮಂಗಳೂರಿನ ಹಾಸ್ಟೆಲಿನಲ್ಲಿ ಎರಡು ವರ್ಷ, ಆಮೇಲೆ ಫಿಸಿಯೋಥೆರಪಿ ಓದಲು ನಾರ್ವೆ. ಅಲ್ಲಿ ಗೆಳತಿಯರು ತಮಾಷೆಗೆ ಸ್ಕೀ ಕಟ್ಟಿಸಿದರು. ಅವಳು ಬಿಚ್ಚಲೇ ಇಲ್ಲ. ಈಗ ಇಂಡಿಯಾದ ಹೆಸರಿನಲ್ಲಿ ಓಡುತ್ತಾಳೆ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅಪ್ಪನ ಹೆಸರಿನ ಮೇಲಿರುವ ಕುವೈತಿನ ಇಕಾಮಾ ಖಲಾಸ್ ಆಗುವುದರಿಂದ ಪ್ರತಿ ಬೇಸಿಗೆ ಇಲ್ಲಿಗೆ ಬರಲೇಬೇಕು.

ಇದೆಲ್ಲ ಗೊತ್ತಾದದ್ದು ಒಂದೇ ದಿನದಲ್ಲಲ್ಲ. ಮರಳು ವಾರಕ್ಕೊಮ್ಮೆ ಬೇರಿಂಗಿಗೆ ನುಗ್ಗುತ್ತಿತ್ತು, ಅವಳು ವಾರಕ್ಕೊಮ್ಮೆ ಶೆಡ್ಡಿಗೆ ನುಗ್ಗುತ್ತಿದ್ದಳು.

“ಜಗತ್ತಿನಲ್ಲಿ ನಿಮ್ಮದು ಎಷ್ಟನೇ ನಂಬರು?” ಸೀಮೆಎಣ್ಣೆಯಲ್ಲಿ ಬೇರಿಂಗ್ ಅದ್ದುತ್ತಾ ಅವನು ಕೇಳಿದ.

“ನೂರಾ ಹನ್ನೆರಡು.”

“ಅಷ್ಟೆಯಾ?”

“ಅಷ್ಟೆ ಅಂದ್ರೆ? ಹತ್ತು ಕಿಲೋಮೀಟರ್, ಮೈನಸ್ ಹದಿನೆಂಟು ಡಿಗ್ರಿ. ಉಸಿರು ರೆಪ್ಪೆಯ ಮೇಲೆ ಐಸ್ ಆಗುತ್ತೆ. ನಾನು ಫಿನಿಶ್ ಆಗುವಾಗ ಗೆದ್ದವಳು ಟೀವಿಯವರ ಹತ್ರ ಮಾತು ಮುಗಿಸಿ ಕಾಫಿ ಕುಡೀತಿರ್ತಾಳೆ. ದೊಡ್ಡ ಟೀಮಿನವರಿಗೆ ಸ್ಕೀಗೆ ಮೇಣ ಹಚ್ಚಲಿಕ್ಕೇ ಒಂದು ಲಾರಿ, ಎಂಟು ಜನ. ನನಗೆ ನಾನೇ. ಹೋಟೆಲಿನ ಬಾತ್‌ರೂಮಿನಲ್ಲಿ ಮೇಣ ಕರಗಿಸುವ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ಕೂತಿರ್ತೇನೆ.”

“ಅಷ್ಟೆಲ್ಲ ಯಾಕೆ ಮಾರಾಯ್ತಿ?”

ಬಾಯಿತಪ್ಪಿ ಬಂದ ‘ಮಾರಾಯ್ತಿ’ಗೆ ಅವನೇ ಬೆಚ್ಚಿದ. ಅವಳು ಬೆಚ್ಚಲಿಲ್ಲ. ತಲೆ ಓರೆ ಮಾಡಿ, ಎಣ್ಣೆ ಮೆತ್ತಿದ ಅವನ ಬೆರಳುಗಳನ್ನು ಒಂದೊಂದಾಗಿ ನೋಡಿದಳು.

“ನೀನು ಯಾಕೆ ಒಂದು ಬೇರಿಂಗನ್ನು ಮೂರು ಸಲ ತೊಳೀತೀಯ? ಹಾಗೇ.”

ಅಂದಿನಿಂದ ‘ನೀವು’ ಹೋಯಿತು.

ಶುಕ್ರವಾರ ನಸುಕಿನಲ್ಲಿ ಫಹಾಹೀಲಿನ ಕಡಲ ರಸ್ತೆಯಲ್ಲಿ ಅವಳು ರೋಲರ್ ಸ್ಕೀ ಕಟ್ಟಿ ಓಡಿದರೆ, ಹಿಂದಿನಿಂದ ಸುಕೇಶ ವರ್ಕ್‌ಶಾಪಿನ ಪಿಕಪ್ಪನ್ನು ಇಂಡಿಕೇಟರ್ ಹಾಕಿಕೊಂಡು ನಿಧಾನ ಓಡಿಸುತ್ತಿದ್ದ. ಕೈಯ ಕೋಲುಗಳು ಟಕ್ ಟಕ್ ಎನ್ನುತ್ತಾ ಮುಂದೆ ಬೀಳುವುದು, ಬೆನ್ನು ಬಿಲ್ಲಿನಂತೆ ಬಾಗಿ ಮತ್ತೆ ಅರಳುವುದು, ಜಡೆಯ ತುದಿಯ ಬೆವರು ರಿಫೈನರಿಯ ದೀಪಕ್ಕೆ ಮಿನುಗುವುದು. ಅವನು ಆ ಬೆನ್ನನ್ನು ಬಾಯಿಪಾಠ ಮಾಡಿಕೊಂಡ.

ಒಂದು ಮಾತ್ರ ಅವನನ್ನು ಕೊರೆಯುತ್ತಿತ್ತು. ಆರು ಗಂಟೆಗೆ ಹತ್ತು ನಿಮಿಷ ಇದ್ದಾಗ ಅವಳು ಎಲ್ಲಿದ್ದರೂ ಮನೆಗೆ ಓಡುತ್ತಿದ್ದಳು.

“ಒಂದು ಚಾಯ ಕುಡಿದು ಹೋಗು.”

“ಆರರಿಂದ ಏಳು ಮನೆಯಲ್ಲೇ ಇರಬೇಕು, ಸುಕೇಶ್. ಡೋಪಿಂಗ್ ಟೆಸ್ಟ್‌ನವರು ಬರಬಹುದು. ದಿನಕ್ಕೆ ಒಂದು ಗಂಟೆ ನಾನು ಎಲ್ಲಿ ಖಂಡಿತ ಸಿಗ್ತೇನೆ ಅಂತ ಮೊದಲೇ ಫಾರ್ಮಿನಲ್ಲಿ ಬರೆದು ಕೊಡಬೇಕು. ಹೇಳದೆ ಕೇಳದೆ ಬಂದು ಯೂರಿನ್ ತಗೊಂಡು ಹೋಗ್ತಾರೆ. ನಾನು ಸಿಗಲಿಲ್ಲ ಅಂದ್ರೆ ಒಂದು ತಪ್ಪು. ವರ್ಷಕ್ಕೆ ಮೂರು ತಪ್ಪಾದರೆ ಎರಡು ವರ್ಷ ಬ್ಯಾನ್. ನನಗೆ ಆಗಲೇ ಎರಡು ಆಗಿದೆ. ಒಮ್ಮೆ ಫ್ಲೈಟ್ ಲೇಟು, ಒಮ್ಮೆ ನಮ್ಮ ಬಿಲ್ಡಿಂಗಿನ ಬೆಲ್ ಕೆಟ್ಟಿತ್ತು.”

“ಮೂತ್ರ ತಗೊಳ್ಲಿಕ್ಕೆ ಜನ ಮನೆಗೆ ಬರ್ತಾರಾ? ನೂರಾ ಹನ್ನೆರಡನೆಯವಳದ್ದು?”

“ಹೋದ ವರ್ಷ ನೂರಾ ಅರವತ್ತರಲ್ಲಿದ್ದೆ. ಮೇಲೆ ಬಂದವರ ಮೇಲೆ ಎಲ್ಲರಿಗೂ ಅನುಮಾನ.”

ವರ್ಕ್‌ಶಾಪಿನಲ್ಲಿ ಜೊತೆಗಿದ್ದ ಇಬ್ರಾಹಿಂ ಖಲೀಲ್‌ಗೆ ಇದನ್ನು ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. “ನೀನು ನಂಬಿದ್ಯಾ? ನನ್ನ ಹೆಂಡ್ತಿ ಊರಿನಿಂದ ಫೋನ್ ಮಾಡುವಾಗ ನಾನು ಸಾವಿರ ನೆಪ ಹೇಳಿದ್ದೇನೆ. ಇಂಥದ್ದು ನನಗೂ ಹೊಳೀಲಿಲ್ಲ! ದಿನಾ ಆರರಿಂದ ಏಳು ಒಬ್ಬ ಬರ್ತಾನೆ ಅಂತ ಅವಳೇ ಹೇಳಿದ್ದಾಳಲ್ಲ ಮಾರಾಯ!”

“ಬಾಯಿ ಮುಚ್ಚು ಖಲೀಲ್ ಭಾಯಿ.”

ಖಲೀಲ್ ಬಾಯಿ ಮುಚ್ಚಿದ. ಆದರೆ ಆ ಮಾತು ಸುಕೇಶನ ಕಿವಿಯೊಳಗೆ ಮರಳಿನ ಹಾಗೆ ಉಳಿಯಿತು.

ಜೂನ್ ಬಂತು. ಬೆಳಗ್ಗೆಯೇ ನಲವತ್ತು ಡಿಗ್ರಿ; ರಸ್ತೆಯಲ್ಲಿ ಚಕ್ರದ ರಬ್ಬರು ಮೆತ್ತಗಾಗತೊಡಗಿತು. ಲವಿಟಾ ಸಪ್ಪಗಾದಳು. ಸುಕೇಶ ಬೇಕರಿಯೊಂದು ಎಸೆದಿದ್ದ ಕನ್ವೇಯರ್ ಬೆಲ್ಟನ್ನು ತಂದು, ಶೆಡ್ಡಿನ ಹಿಂಬದಿಯ ಕೋಣೆಯಲ್ಲಿ ಇಳಿಜಾರಾಗಿ ಕೂರಿಸಿ, ಮೋಟಾರು ಕಟ್ಟಿದ. ಹನ್ನೊಂದು ದಿನ ಹಿಡಿಯಿತು. ಅದರ ಮೇಲೆ ಸ್ಕೀ ಕಟ್ಟಿ ನಿಂತವಳು, ಬೆಲ್ಟು ಓಡತೊಡಗಿದಾಗ, ಬೆಟ್ಟ ಹತ್ತುವ ಹಾಗೆ ನಿಂತಲ್ಲೇ ಹತ್ತಿದಳು.

ಇಳಿದಾಗ ಅವಳ ಕಣ್ಣು ತುಂಬಿತ್ತು.

“ನನಗೆ ಯಾರೂ ಏನೂ ಮಾಡಿ ಕೊಟ್ಟಿಲ್ಲ ಇದುವರೆಗೆ.”

“ಬೆವರು ಕಣ್ಣಿಗೆ ಹೋಗಿದೆ, ಒರೆಸ್ಕೋ,” ಎಂದು ಸುಕೇಶ ಬಟ್ಟೆ ಚಾಚಿದ. ಅದೂ ಎಣ್ಣೆ ಬಟ್ಟೆ. ಅವಳು ಅದರಲ್ಲೇ ಒರೆಸಿಕೊಂಡಳು. ಕೆನ್ನೆಯ ಮೇಲೆ ಕಪ್ಪು ಗೆರೆ ಮೂಡಿತು. ಅದನ್ನು ಅಳಿಸಲು ಹೋದ ಅವನ ಬೆರಳು ಅರ್ಧ ದಾರಿಯಲ್ಲಿ ನಿಂತಿತು. ಅವಳು ಕೆನ್ನೆಯನ್ನು ಉಳಿದರ್ಧ ದಾರಿ ಮುಂದೆ ತಂದಳು.

ಆಮೇಲೆ ದಿನಾ ಬೆಳಗ್ಗೆ ಆರಕ್ಕೆ ಅವಳು ಶೆಡ್ಡಿನಲ್ಲಿ. ಖಲೀಲ್ ಹೇಳಿದ ಆ ಫಹಾಹೀಲಿನವನನ್ನು ಬಿಟ್ಟಳು ಎಂದು ಸುಕೇಶ ಲೆಕ್ಕ ಹಾಕಿದ. ಒಂದು ದಿನ ಅವಳು ಶೆಡ್ಡಿನ ನಂಬರು, ಬ್ಲಾಕು, ಬೀದಿ ಎಲ್ಲ ಬರೆದುಕೊಂಡಳು. ಪಾರ್ಸೆಲ್ ತರಿಸಲಿಕ್ಕಿರಬೇಕು ಎಂದುಕೊಂಡು ಅವನು ಕೇಳಲೂ ಇಲ್ಲ.

ಆಗಸ್ಟಿನ ಒಂದು ಮಂಗಳವಾರ ಆರು ಗಂಟೆ ಹತ್ತು ನಿಮಿಷಕ್ಕೆ, ಅರ್ಧ ಎಳೆದ ಶಟರಿನ ಕೆಳಗೆ ಪಾಲಿಶ್ ಮಾಡಿದ ಎರಡು ಬೂಟುಗಳು ಬಂದು ನಿಂತವು.

ಸುಕೇಶ ಬಗ್ಗಿ ಹೊರಬಂದ. ನಲವತ್ತರ ಆಸುಪಾಸಿನ ಬಿಳಿಯ. ಇಸ್ತ್ರಿ ಶರ್ಟು, ಕೊರಳಲ್ಲಿ ಕಾರ್ಡು, ಕೈಯಲ್ಲಿ ಫೈಲು. ಫೈಲಿನ ಮೇಲೆ ಲವಿಟಾಳ ಫೋಟೋ. ಮೊದಲು ಕಣ್ಣು, ಆಮೇಲೆ ಎಡಗೆನ್ನೆ. ಆ ನಗು ತನಗೊಬ್ಬನಿಗೇ ಎಂದು ಸುಕೇಶ ತಿಳಿದಿದ್ದ.

“ಲವಿಟಾ ಮಥಾಯಸ್? ಶಿ ಈಸ್ ಹಿಯರ್?”

ರಾಯ್‌ನಲ್ಲಿ ಫೈಲು ಹಿಡಿದವನು ಹೆಸರು ಕೇಳಿದರೆ ಯಾರೂ ಯೋಚಿಸುವುದಿಲ್ಲ, ಅರಬ್ಬಿಯಲ್ಲಿ ‘ಮಾಫಿ’, ಇಲ್ಲ ಎಂದುಬಿಡುತ್ತಾರೆ. ಕೇಳಿದ್ದು ಇಕಾಮಾದವರೋ, ಇನ್ಯಾರೋ. ಆದರೆ ಸುಕೇಶನ ಎದೆಯಲ್ಲಿ ಉರಿದದ್ದು ಆ ಹೆದರಿಕೆಯಲ್ಲ. ಮೂತ್ರದ ಕಥೆ ಅವನಿಗೆ ಚೆನ್ನಾಗಿ ನೆನಪಿತ್ತು. ನೆನಪಾಗಿಯೇ ಇನ್ನಷ್ಟು ಉರಿಯಿತು. ಇಷ್ಟು ಇಸ್ತ್ರಿ ಮಾಡಿಕೊಂಡು ಬರುವವನು ಬಾಟಲಿ ಹಿಡಿಯುವವನಾ? ಇವನೇ ಅವನು. ಇಲ್ಲಿಗೂ ಹುಡುಕಿಕೊಂಡು ಬಂದಿದ್ದಾನೆ.

“ಮಾಫಿ. ನೋ ಗರ್ಲ್. ಗೋ.”

ಒಳಗೆ ಬೆಲ್ಟು ಗುಡುಗುಡು ಎನ್ನುತ್ತಿತ್ತು. ಕಿವಿಗೆ ಹಾಡು ಸಿಕ್ಕಿಸಿಕೊಂಡ ಲವಿಟಾ ನಿಂತಲ್ಲೇ ಬೆಟ್ಟ ಹತ್ತುತ್ತಿದ್ದಳು.

ಆ ಮನುಷ್ಯ ಎದುರುಗಡೆ ಕಾರಿನಲ್ಲಿ ಕೂತ. ಕಾರಿನೊಳಗೆ ಹೆಂಗಸೊಬ್ಬಳೂ ಇದ್ದಳು. ಅದನ್ನು ಕಾಣುವ ಕಣ್ಣು ಆಗ ಸುಕೇಶನಿಗೆ ಇರಲಿಲ್ಲ. ಆರೂವರೆಗೆ ಮತ್ತೆ ಬಂದು ಶಟರ್ ತಟ್ಟಿದ. ಮತ್ತೆ “ಮಾಫಿ.” ಏಳು ದಾಟಿದ ಮೇಲೆ ಗಡಿಯಾರ ನೋಡಿ, ಏನೋ ಬರೆದುಕೊಂಡು ಹೊರಟುಹೋದ. ಸುಕೇಶ ಯುದ್ಧ ಗೆದ್ದವನ ಹಾಗೆ ಒಳಗೆ ಬಂದ.

“ನಿನ್ನವನು ಬಂದಿದ್ದ.”

“ಯಾರು?” ಲವಿಟಾ ಕಿವಿಯ ವಯರು ತೆಗೆದಳು.

“ಬಿಳಿಯ. ಫೈಲಿನಲ್ಲಿ ನಿನ್ನ ಫೋಟೋ ಇಟ್ಕೊಂಡು. ಇಲ್ಲ ಅಂತ ಹೇಳಿ ಕಳಿಸಿದೆ. ಎರಡೆರಡು ಸಲ.”

ಅವಳು ಸ್ಕೀ ಬೂಟಿನಲ್ಲೇ ರಸ್ತೆಗೆ ಓಡಿದಳು. ಖಾಲಿ ರಸ್ತೆ. ಅಲ್ಲೇ ಅಂಚುಕಲ್ಲಿನ ಮೇಲೆ ಕುಸಿದಳು.

“ಅದು ಮೂರನೆಯದು ಸುಕೇಶ್. ಖಲಾಸ್. ಎರಡು ವರ್ಷ. ಮಾರ್ಚ್‌ನಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ಇತ್ತು.”

“ನಿಜವಾಗಿ ಟೆಸ್ಟಿನವನಾ?”

“ನಾನು ಹೇಳಿದ್ದೆನಲ್ಲ! ಟೆಸ್ಟ್ ತಗೊಳ್ಳಲಿಕ್ಕೆ ಹೆಂಗಸೊಬ್ಬಳೂ ಜೊತೆಗೆ ಬಂದಿರ್ತಾಳೆ.”

“ಅವರು ಇಲ್ಲಿಗೆ ಯಾಕೆ ಬರ್ಬೇಕು? ನೀನು ಬರೆದದ್ದು ಫಹಾಹೀಲು...”

“ಜೂನ್‌ನಲ್ಲೇ ಬದಲಾಯಿಸಿದೆ. ನಾನು ಖಂಡಿತ ಸಿಗುವ ಜಾಗ ಯಾವುದು ಅಂತ ಕೇಳ್ತಾರೆ. ನಿನ್ನ ಶೆಡ್ ಬರೆದೆ. ಇಲ್ಲಿ ಬೆಲ್ ಕೆಡೋದಿಲ್ಲ, ಇಲ್ಲಿ ಸುಕೇಶ್ ಇರ್ತಾನೆ ಅಂತ ಬರೆದೆ.”

ಅವಳು ಎದ್ದು ನಿಂತಳು. ಅಳುತ್ತಿರಲಿಲ್ಲ.

“ನಾನು ಕಳ್ಳಿ ಅಲ್ಲ ಅಂತ ದಿನಾ ಸಾಬೀತು ಮಾಡ್ಬೇಕು. ಅವರಿಗೆ ಮಾಡ್ತೇನೆ, ಅದು ರೂಲು. ನಿನಗೂ ಮಾಡ್ಬೇಕಾ?”

ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರ ಮುಖ ಸುಕೇಶನಿಗೆ ಕಂಡಿತು. ಈ ಸಲ ಆ ಮುಖ ತನ್ನದೇ ಆಗಿತ್ತು.

ನೋಟಿಸು ಹತ್ತು ದಿನದಲ್ಲಿ ಬಂತು. ಅವಳ ಅಜಾಗ್ರತೆಯಿಂದ ಆದದ್ದಲ್ಲ ಎಂದು ತೋರಿಸಿದರೆ ಆ ತಪ್ಪನ್ನು ಅಳಿಸುತ್ತಾರಂತೆ ಎಂದು ಅವಳ ಅಪ್ಪನನ್ನು ಕೇಳಿ ಸುದ್ದಿ ತಂದವನು ಖಲೀಲ್. ಅವಳಂತೂ ಶೆಡ್ಡಿಗೆ ಬರುತ್ತಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ.

“ಇಂಗ್ಲಿಷ್ ಅರ್ಥ ಆಗ್ಲಿಲ್ಲ ಅಂತ ಒಂದು ಚೀಟಿ ಬರೆದು ಕೊಡು ಮಾರಾಯ,” ಎಂದ ಖಲೀಲ್. “ನಿನಗೂ ಸೇಫು.”

“ಹಾಗೆ ಬರೆದರೆ ಅವಳು ನನಗೆ ಏನೂ ಹೇಳಿಯೇ ಇರಲಿಲ್ಲ ಅಂತ ಆಗ್ತದೆ. ತಪ್ಪು ಅವಳ ತಲೆಗೇ ಬರ್ತದೆ.”

“ನಿಜ ಬರೆದರೆ ಸಿವಿಲ್ ಐಡಿ ಕಾಪಿ ಹಚ್ಚಬೇಕು. ಡ್ರೈವರ್ ವೀಸಾದವನು ವರ್ಕ್‌ಶಾಪಿನಲ್ಲಿ ಎಂತ ಮಾಡ್ತಿದ್ದ ಅಂತ ಯಾರಾದರೂ ಕೇಳಿದರೆ?”

“ಕೇಳಲಿ.”

ಫಹಾಹೀಲಿನ ಮೂರನೇ ಮಹಡಿಯ ಬಾಗಿಲು ತೆರೆದವರು ಅವಳ ಅಪ್ಪ ಮಥಾಯಸ್. ಕುವೈತ್ ಸಿಟಿಯ ಆಫೀಸಿನಲ್ಲಿ ಮೂವತ್ತು ವರ್ಷ ಬೇರೆಯವರ ಕಾಗದ ಟೈಪ್ ಮಾಡಿದವರು. ಸುಕೇಶನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಕೂರಲು ಹೇಳಲಿಲ್ಲ. ಕಂಪ್ಯೂಟರಿನ ಮುಂದೆ ತಾವು ಕೂತರು.

“ಹೇಳು. ನಾನು ಇಂಗ್ಲಿಷಿಗೆ ಮಾಡ್ತೇನೆ.”

ಸುಕೇಶ ನಿಂತುಕೊಂಡೇ ಹೇಳಿದ. ಹೆಸರು, ಐಡಿ ನಂಬರು, ಶೆಡ್ ನಂಬರು. ಅವಳು ಹಿಂದಿನ ಕೋಣೆಯಲ್ಲೇ ಇದ್ದಳು. ಟೆಸ್ಟಿನವರು ಬರಬಹುದು ಎಂದು ಅವಳು ಮೊದಲೇ ಹೇಳಿದ್ದಳು. ಗೊತ್ತಿದ್ದೂ ನಾನು ಎರಡು ಸಲ ಸುಳ್ಳು ಹೇಳಿದೆ.

“ಯಾಕೆ ಹೇಳಿದೆ? ಅವರು ಕೇಳ್ತಾರೆ.”

“ಅನುಮಾನ ಅಂಕಲ್.”

“ಎಂತದ್ದು ಅನುಮಾನ?”

“ಬೇರೆ ಯಾರೋ ಇದ್ದಾನೆ ಅಂತ.”

ಟೈಪಿಂಗ್ ನಿಂತಿತು. ಒಳಗಿನ ಕೋಣೆಯ ಪರದೆಯೂ ಅಲುಗಾಡುವುದನ್ನು ನಿಲ್ಲಿಸಿತು.

“ಇದ್ದರೆ ನಿನಗೇನು?” ಮಥಾಯಸರ ದನಿ ಒರಟಾಗಿತ್ತು. “ಅದೂ ಬರೀಬೇಕಲ್ಲ.”

ಸುಕೇಶ ಹಣೆ ಒರೆಸಿಕೊಂಡ. “ನನಗೆ ಅವಳ ಮೇಲೆ ಪ್ರೀತಿ ಅಂತ ಬರೀರಿ.”

ಮಥಾಯಸ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಆಫೀಸ್ ಲೆಟರಿನಲ್ಲಿ ಹಾಗೆ ಬರೆಯುವ ಕ್ರಮ ಇಲ್ಲ. ಪರ್ಸನಲ್ ರೀಸನ್ ಅಂತ ಹಾಕ್ತೇನೆ.”

“ಬೇಡ ಅಂಕಲ್. ಇದ್ದದ್ದನ್ನೇ ಹಾಕಿ.”

ಒಂದೊಂದೇ ಅಕ್ಷರ ಒತ್ತಿದರು. ಪ್ರಿಂಟ್ ತೆಗೆದು ಮುಂದಿಟ್ಟರು. ಸಹಿ ಆದ ಮೇಲೆ, ಅಲ್ಲಿಯವರೆಗೆ ಖಾಲಿ ಇದ್ದ ಕುರ್ಚಿಯನ್ನು ಕಾಲಿನಿಂದ ಅವನ ಕಡೆ ನೂಕಿದರು. ಪರದೆಯ ಹಿಂದಿನಿಂದ ಯಾರೂ ಹೊರಬರಲಿಲ್ಲ.

ರೋಹಿದಾಸಣ್ಣನಿಗೆ ಸುಕೇಶನೇ ವಿಷಯ ಹೇಳಿದ. “ನಿನ್ನ ಹೆಸರು ಕಾಗದಕ್ಕೆ ಬಂತಾ? ಹಾಗಾದರೆ ನಾಳೆಯಿಂದ ಬರ್ಬೇಡ ಮಾರಾಯ,” ಎಂದು ಅಣ್ಣ ಕೈಮುಗಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ಸುಕೇಶ ಇಕಾಮಾದಲ್ಲಿ ಬರೆದಿದ್ದ ಕೆಲಸಕ್ಕೆ ಹೋದ. ಕಫೀಲನ ಮಕ್ಕಳನ್ನು ಶಾಲೆಗೆ ಬಿಡುವುದು, ಮಧ್ಯಾಹ್ನ ಕರೆತರುವುದು.

ಸೆಪ್ಟೆಂಬರ್ ಕೊನೆಯಲ್ಲಿ, ಶಾಲೆಯ ಗೇಟಿನ ಎದುರು ಕಾರಿನಲ್ಲಿ ಕಾಯುತ್ತಿದ್ದಾಗ ಯಾರೋ ಕಿಟಕಿಯ ಗಾಜು ತಟ್ಟಿದರು. ಲವಿಟಾ. ಬಿಸಿಲಿಗೆ ಕಣ್ಣು ಕಿರಿದಾಗಿತ್ತು.

“ಮೇಲ್ ಬಂತು. ಮೂರನೆಯದನ್ನು ಅಳಿಸಿದ್ದಾರೆ. ಬರುವ ತಿಂಗಳು ಹದಿನೈದಕ್ಕೆ ನಾರ್ವೆಗೆ ಹೋಗ್ತೇನೆ.”

ಸುಕೇಶ ಸ್ಟಿಯರಿಂಗ್ ಬಿಗಿಯಾಗಿ ಹಿಡಿದ.

“ಒಳ್ಳೇದಾಯ್ತು. ಮಾಫ್ ಮಾಡಿದ್ಯಾ ಹಾಗಾದರೆ?”

“ಇಲ್ಲ.”

“ಮತ್ತೆ ಎಂತಕ್ಕೆ ಬಂದದ್ದು?”

“ಡ್ಯಾಡಿ ಟೈಪ್ ಮಾಡಿದ್ದನ್ನು ಓದಿದೆ. ಅದು ಅವರಿಗೆ ಬರೆದದ್ದು. ನನಗೆ ನೀನು ಏನೂ ಹೇಳ್ಲಿಲ್ಲ.”

ಸುಕೇಶ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದ. ಅವಳ ತುಟಿ ನಗುತ್ತಿರಲಿಲ್ಲ, ಕಣ್ಣೂ ನಗುತ್ತಿರಲಿಲ್ಲ. ಸುಮ್ಮನೆ ಕಾಯುತ್ತಿದ್ದಳು.

“ನಿನ್ನ ಮೇಲೆ ಪ್ರೀತಿ ಉಂಟು, ಲವಿಟಾ. ತುಂಬಾ ಉಂಟು. ಅನುಮಾನ ಪೂರ್ತಿ ಹೋಗಿದೆ ಅಂತ ಹೇಳುವುದಿಲ್ಲ, ಅದು ಸುಳ್ಳಾಗ್ತದೆ. ಬಂದರೆ ಮೊದಲು ನಿನ್ನ ಹತ್ರವೇ ಕೇಳ್ತೇನೆ.”

ಶಾಲೆಯ ಗಂಟೆ ಹೊಡೆಯಿತು.

“ನನಗೂ ನಿನ್ನ ಮೇಲೆ ಇನ್ನೂ ಅನುಮಾನ ಉಂಟು,” ಎಂದಳು. “ನಾನೂ ಕೇಳ್ತೇನೆ.”

ಕಾರು ಸುತ್ತಿಕೊಂಡು ಆ ಕಡೆ ಹೋಗಿ, ಮುಂದಿನ ಬಾಗಿಲು ತೆರೆದು ಕೂತಳು. ಮಕ್ಕಳು ಈಗ ಬರುತ್ತಾರೆ, ಕಫೀಲನಿಗೆ ಹೇಳುತ್ತಾರೆ, ಇಳಿ ಎನ್ನಬೇಕಿತ್ತು ಸುಕೇಶ. ಎನ್ನಲಿಲ್ಲ. ಅವಳು ಏಸಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಕೈಯನ್ನು ಗೇರಿನ ಮೇಲಿದ್ದ ಅವನ ಕೈಯ ಮೇಲೆ ಇಟ್ಟಳು.