ಮೊದಲು ಬಂದವರಿಗೆ ಸಿಗುವ ಲೈನ್

‘ಗೊತ್ತಿಲ್ಲ’ ಅನ್ನುವ ಒಂದು ಮಾತು ನನ್ನ ಬಾಯಿಂದ ಯಾಕೆ ಬರುವುದಿಲ್ಲ?

ಶಾಂಪೂ ಬಾಟಲಿ ತುಂಬುವ ಆ ದೊಡ್ಡ ಶೆಡ್ಡಿನೊಳಗೆ ನಿಂತು ಅವಳು ತನ್ನನ್ನೇ ಕೇಳಿಕೊಂಡಳು. ಡಿಗ್ರಿ ಮುಗಿದ ಮೇಲೆ ಸಿಕ್ಕ ಮೊದಲ ಕೆಲಸ. ಎದೆಗೆ ಅವಚಿಕೊಂಡ ಲ್ಯಾಪ್‌ಟಾಪ್. ಕೇಳಿದರೆ ನಗುತ್ತಾರೇನೋ ಅನ್ನುವ ಭಯ, ಕೇಳದಿದ್ದರೆ ಕಲಿಯುವುದೇ ಇಲ್ಲವಲ್ಲ ಅನ್ನುವ ಭಯ... ಎರಡರ ನಡುವೆ ಹೆಜ್ಜೆ ಮುಂದಿಡದೆ ನಿಂತಿದ್ದಳು.

“ಹಿಂದೆ ನಿಂತು ಉಸಿರು ಬಿಡ್ತಾ ಇರೋರು ಯಾರಪ್ಪಾ?”

ಕಂಟ್ರೋಲ್ ಪ್ಯಾನೆಲ್ಲಿನೊಳಗೆ ತಲೆ ತೂರಿಸಿ ಕುಕ್ಕರಗಾಲಲ್ಲಿ ಕೂತಿದ್ದವನು ತಟ್ಟನೆ ತಿರುಗಿದ. ಹಣೆ ಕಬ್ಬಿಣದ ಬಾಗಿಲಿಗೆ ಠಣ್ಣನೆ ಬಡಿಯಿತು!

“ಅಯ್ಯೋ!” ಅಂದದ್ದು ಅವಳು. ಪೆಟ್ಟು ತಿಂದವನು ನಕ್ಕ.

ಮೆಷಿನ್ ಮಾಡಿಕೊಟ್ಟ ಕಂಪನಿಯಿಂದ ಬಂದ ಎಂಜಿನಿಯರ್ ಅವನು. ಜೇಬಿನಲ್ಲಿ ಸದಾ ಒಂದು ಹಳದಿ ಟೆಸ್ಟರ್ ಇರುತ್ತಿದ್ದುದರಿಂದ ಶೆಡ್ಡಿನವರ ಬಾಯಲ್ಲಿ ಅವನು ‘ಟೆಸ್ಟರ್ ಸಾಹೇಬ್ರು’.

“ಹೊಸಬರು ನೀವೇನಾ? ಬನ್ನಿ, ಕೂತ್ಕೊಳ್ಳಿ.” ತಾನು ಎದ್ದು, ಅಲ್ಲಿದ್ದ ಒಂದೇ ಸ್ಟೂಲನ್ನು ಅವಳತ್ತ ತಳ್ಳಿದ. “ಈ ಬೂದು ಡಬ್ಬಿ ಇದೆಯಲ್ಲ, ಇದೇ ಕಂಟ್ರೋಲರ್. ಯಾವ ಬಾಟಲಿಗೆ ಎಷ್ಟು ತುಂಬಬೇಕು, ಯಾವಾಗ ನಿಲ್ಲಿಸಬೇಕು, ಎಲ್ಲ ಇದರ ಹುಕುಂ. ನಿಮ್ಮ ಲ್ಯಾಪ್‌ಟಾಪ್ ಇದರ ಜೊತೆ ಮಾತಾಡಬೇಕು ಅಂದ್ರೆ ಇದು ಇರೋ ಬೀದೀಲೇ ಅದಕ್ಕೂ ಒಂದು ಮನೆ ಕೊಡಬೇಕು. ನೋಡಿ, ನಾನು ಮಾಡಿದ ಹಾಗೇ ಮಾಡಿ. ಅರ್ಥ ಆಯ್ತಾ?”

“ಹೂಂ.”

ಒಂದಕ್ಷರ ಅರ್ಥವಾಗಿರಲಿಲ್ಲ.

“ಏನಾದ್ರೂ ಕೇಳೋದಿದೆಯಾ?”

“ಏನಿಲ್ಲ.”

ಅವನಿಗೆ ಫೋನ್ ಬಂತು, ಆಚೆ ಹೋದ. ಅವಳು ಅವನ ಪರದೆಯ ಮೇಲಿದ್ದ ವಿಳಾಸದ ನಂಬರುಗಳನ್ನು ಒಂದೂ ಬಿಡದೆ, ಚುಕ್ಕಿಯನ್ನೂ ಬಿಡದೆ, ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಹಾಗೇ ಮಾಡಿ ಅಂದಿದ್ದರಲ್ಲ!

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಕೇಬಲ್ ಚುಚ್ಚಿದಳು. ‘ಇದ್ದೀಯಾ?’ ಎಂದು ಕಂಟ್ರೋಲರನ್ನು ಕೂಗಿ ಕೇಳುವ ಪುಟ್ಟ ಕಮಾಂಡಿಗೆ ಪಿಂಗ್ ಅನ್ನುತ್ತಾರೆ. ಟೈಪ್ ಮಾಡಿ, ಕಣ್ಣು ಮುಚ್ಚಿ, ಒತ್ತಿದಳು.

ಉತ್ತರ ಬಂತು! ಇದ್ದೇನೆ, ಇದ್ದೇನೆ, ಇದ್ದೇನೆ ಎಂದು ಒಂದರ ಕೆಳಗೊಂದು ಸಾಲು.

ನಾನು ಕರೆದರೆ ಓಗೊಡುವವರು ಒಬ್ಬರಿದ್ದಾರೆ... ಅವಳಿಗೆ ಅಳುವಷ್ಟು ಖುಷಿಯಾಯಿತು.

ಸ್ವಲ್ಪ ಹೊತ್ತಿಗೆ ಅವನೂ ಬಂದ. ಪಕ್ಕದ ಸಾಕೆಟ್ಟಿಗೆ ತನ್ನ ಕೇಬಲ್ ಹಾಕಿದ. ಹುಬ್ಬು ಗಂಟಿಕ್ಕಿದ.

“ಇದೇನು, ನನಗೆ ಲೈನೇ ಸಿಗ್ತಿಲ್ಲ? ನಿನ್ನೆ ಚೆನ್ನಾಗಿತ್ತಲ್ಲ!”

ಕೇಬಲ್ ಬದಲಿಸಿದ. ಸಾಕೆಟ್ ಬದಲಿಸಿದ. ಲ್ಯಾಪ್‌ಟಾಪ್ ಆರಿಸಿ ಹಚ್ಚಿದ. ಊಹೂಂ. ಅವಳು ತನ್ನ ಕೇಬಲ್ ಕಿತ್ತು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅವನದು ತಾನಾಗಿ ಸರಿಹೋಗಿತ್ತು. ಈಗ ಅವಳದಕ್ಕೆ ಲೈನಿಲ್ಲ!

ಹೀಗೇ ಶುರುವಾಯಿತು ಅವರಿಬ್ಬರ ಕಣ್ಣಾಮುಚ್ಚಾಲೆ. ಅವಳು ಮೊದಲು ಬಂದ ದಿನ ಅವಳಿಗೆ ಲೈನು. ಅವನು ಮೊದಲು ಬಂದ ದಿನ ಅವನಿಗೆ. ಹೆಚ್ಚಿನ ದಿನ ಅವಳೇ ಮೊದಲು.

“ಏನ್ರೀ, ಕಾವಲುಗಾರನಿಗಿಂತ ಮುಂಚೆ ಬಂದಿದ್ದೀರಿ! ಮೆಷಿನ್ ಮೇಲೆ ಅಷ್ಟು ಪ್ರೀತಿನಾ?” ಅವನು ಒಂದು ದಿನ ಚುಡಾಯಿಸಿದ.

ಅವಳು ತಲೆ ತಗ್ಗಿಸಿ ಹೌದೆಂದು ಆಡಿಸಿದಳು. ಕಿವಿ ಮಾತ್ರ ಕೆಂಪಾಗಿತ್ತು.

ಅವಳ ಕೇಬಲ್ಲಿನ ತುದಿ ಮುರಿದು ಸಾಕೆಟ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಅವನು ತನ್ನ ಗಟ್ಟಿ ಕೇಬಲನ್ನು ತುದಿಗೆ ನೀಲಿ ಟೇಪ್ ಸುತ್ತಿ ಅವಳಿಗೆ ಕೊಟ್ಟ, ಮುರಿದದ್ದನ್ನು ತಾನಿಟ್ಟುಕೊಂಡ. ಟೀ ತಂದರೆ ಎರಡು ಲೋಟ ತರುತ್ತಿದ್ದ. ಸಕ್ಕರೆ ಎಷ್ಟು ಎಂದು ಎರಡನೆಯ ಸಲ ಕೇಳಲಿಲ್ಲ.

ಮನೆಯಲ್ಲಿ ಅಕ್ಕ ಪತ್ತೆ ಹಚ್ಚಿಬಿಟ್ಟಳು.

“ಏನೇ ಇದು, ಬೆಳಿಗ್ಗೆ ಎಬ್ಬಿಸೋಕೆ ಇಬ್ಬರು ಬೇಕಿತ್ತು. ಈಗ ಕೋಳಿ ಕೂಗೋಕೆ ಮುಂಚೆ ತಲೆ ಬಾಚ್ಕೊಂಡು ನಿಂತಿರ್ತೀಯ! ಏನ್ ವಿಷಯ?”

“ಏನಿಲ್ಲ ಕಣೇ.”

“ನಿನ್ನ ಈ ‘ಏನಿಲ್ಲ’ನ ಒಂದಿನ ಮೂಟೆ ಕಟ್ಟಿ ಹೊರಗೆಸೀತೀನಿ ನೋಡು!”

ಅವಳು ನಕ್ಕು ಚಪ್ಪಲಿ ಮೆಟ್ಟಿದಳು.

ಆ ನಗು ಸಂಜೆಯವರೆಗೂ ಉಳಿಯಲಿಲ್ಲ. ಶಿಫ್ಟ್ ನೋಡಿಕೊಳ್ಳುವ ಮೇಡಂ ಅವಳನ್ನು ಹತ್ತಿರ ಕರೆದರು. ಶೆಡ್ಡಿನ ಸದ್ದನ್ನೂ ಮೀರಿಸುವ ಗಂಟಲು ಅವರದು, ಮನಸ್ಸು ಮೆತ್ತಗೆ.

“ನೋಡಮ್ಮಾ, ನಾಳೆಯಿಂದ ನೀನು ಲೇಬಲ್ ರೂಮಿಗೆ ಹೋಗು. ಟೆಸ್ಟರ್ ಸಾಹೇಬ್ರೇ ಹೇಳಿದ್ರು, ಸದ್ಯಕ್ಕೆ ಈ ಹುಡುಗಿಗೆ ಬೇರೆ ಕೆಲಸ ಕೊಡಿ ಅಂತ. ಕಂಟ್ರೋಲರೇ ಕೆಟ್ಟಿದೆಯಂತೆ. ನಾಳೆ ಊಟದ ಮೇಲೆ ಬಾಟಲಿ ಲೈನ್ ನಿಲ್ಲಿಸಿ, ಅದನ್ನ ಕಿತ್ತು ಹೊಸದು ಹಾಕ್ತಾರೆ.”

ಅವರೇ ಹೇಳಿದರಾ?

ಆ ರಾತ್ರಿ ಬಚ್ಚಲುಮನೆಯ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅವಳು ಅತ್ತಳು. ಎರಡು ಲೋಟ ಟೀ, ನೀಲಿ ಟೇಪು... ಎಲ್ಲ ಬರೀ ಸೌಜನ್ಯ. ನಾನು ಪಕ್ಕದಲ್ಲಿ ಕೂತರೆ ಅವರ ಕೆಲಸ ಕೆಡುತ್ತದೆ, ಅಷ್ಟೇ. ಲೇಬಲ್ ರೂಮಿಗೆ ಹೋದವರು ಮೆಷಿನ್ ಹತ್ತಿರ ಮತ್ತೆ ಬಂದದ್ದನ್ನು ಯಾರೂ ನೋಡಿಲ್ಲ.

ಮರುದಿನ ಊಟದ ಹೊತ್ತು. ನೀಲಿ ಟೇಪಿನ ಕೇಬಲನ್ನು ಹಿಂದಿರುಗಿಸಲೆಂದು ಲ್ಯಾಪ್‌ಟಾಪ್ ಅವಚಿಕೊಂಡೇ ಬಂದಳು. ಅವನಿರಲಿಲ್ಲ, ಅವನ ಲ್ಯಾಪ್‌ಟಾಪ್ ಪ್ಯಾನೆಲ್ಲಿಗೆ ಸೇರಿಕೊಂಡು ತೆರೆದೇ ಇತ್ತು.

ಕೊನೆಯ ಸಲ ಒಮ್ಮೆ ಕೂಗಿ ನೋಡಲಾ?

ಚುಚ್ಚಿದಳು. ಉತ್ತರವಿಲ್ಲ. ಅವನ ಕೇಬಲ್ ಕಿತ್ತು, ತನ್ನದನ್ನು ತೆಗೆದು ಮತ್ತೆ ಹಾಕಿದಳು. ಉತ್ತರ ಬಂತು! ಅವನದನ್ನು ಮತ್ತೆ ಹಾಕಿದಳು. ಅವನದಕ್ಕಿಲ್ಲ.

ಕಂಟ್ರೋಲರ್ ಕೆಟ್ಟಿದ್ದರೆ ಇಷ್ಟು ಲೆಕ್ಕವಾಗಿ ಕೆಡುತ್ತದೆಯೇ?

ಎರಡೂ ಪರದೆಗಳಲ್ಲಿ ವಿಳಾಸದ ಪುಟ ತೆರೆದು ಅಕ್ಕಪಕ್ಕ ಇಟ್ಟಳು. ಮೊದಲ ನಂಬರ್ ಒಂದೇ, ಸರಿ, ಬೀದಿ ಒಂದೇ ಇರಬೇಕಲ್ಲ. ಎರಡನೆಯದು ಒಂದೇ. ಮೂರನೆಯದೂ ಒಂದೇ. ಕೊನೆಯದು...

ಕೊನೆಯದೂ ಒಂದೇ! ಒಂದೇ ಬೀದಿಯಲ್ಲಿ ಇಬ್ಬರಿಗೂ ಒಂದೇ ಮನೆ. ಮೊದಲು ಹೊಕ್ಕವರು ಒಳಗೆ. ಆಮೇಲೆ ಬಂದವರು ಬಾಗಿಲಾಚೆ.

ಸದ್ದಿಲ್ಲದೆ ನನ್ನ ನಂಬರ್ ಬದಲಿಸಿಬಿಡಲಾ? ಯಾರಿಗೂ ಗೊತ್ತಾಗುವುದಿಲ್ಲ... ಆದರೆ ಚೆನ್ನಾಗಿರುವ ಕಂಟ್ರೋಲರನ್ನು ಕೆಟ್ಟಿದೆ ಎಂದು ಕಿತ್ತುಬಿಡುತ್ತಾರೆ. ತಪ್ಪು ಅವರ ತಲೆಗೆ ಬರುತ್ತದೆ.

“ಆಯ್ತು, ಲೈನ್ ನಿಲ್ಲಿಸ್ರಪ್ಪಾ!” ಮೇಡಂ ಗಂಟಲು ಕೇಳಿಸಿತು. ಅವನು ಸ್ಕ್ರೂಡ್ರೈವರ್ ಹಿಡಿದು ಬರುತ್ತಿದ್ದ. ಅವಳು ಹೋಗಿ ಪ್ಯಾನೆಲ್ಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತುಬಿಟ್ಟಳು!

ಇಡೀ ಶೆಡ್ಡು ತಿರುಗಿ ನೋಡಿತು.

“ಏನ್ರೀ? ಏನಾಯ್ತು?”

“ಏನಿ...” ಮಾತು ಅರ್ಧಕ್ಕೆ ನಿಂತಿತು. ಬೆರಳು ಮಾತ್ರ ಎರಡು ಪರದೆಗಳತ್ತ ಹೋಯಿತು.

ಅವನು ಬಗ್ಗಿ ನೋಡಿದ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನಿಧಾನವಾಗಿ ಸ್ಕ್ರೂಡ್ರೈವರಿನ ಹಿಡಿಯಿಂದ ತನ್ನ ಹಣೆಗೆ ತಾನೇ ಬಡಿದುಕೊಂಡ.

“ಮೇಡಂ, ಕಂಟ್ರೋಲರ್ ಗಟ್ಟಿಮುಟ್ಟಾಗಿದೆ. ಕೆಟ್ಟಿರೋದು ನನ್ನ ತಲೆ! ಹಾಗೇ ಮಾಡಿ ಅಂದೆ, ಕೊನೇ ನಂಬರ್ ಮಾತ್ರ ಬೇರೆ ಹಾಕ್ಕೊಳ್ಳಿ ಅಂತ ಹೇಳ್ಲೇ ಇಲ್ಲ. ಇಷ್ಟು ದಿನ ಇವರ ಪರದೆ ಕಡೆ ಒಂದ್ಸಲ ಬಗ್ಗಿ ನೋಡ್ಲಿಲ್ಲ.”

“ಪರದೆ ಕಡೆ ನೋಡಿಲ್ಲ ಸರಿ, ಬೇರೆ ಕಡೆ ಚೆನ್ನಾಗೇ ನೋಡ್ತಿದ್ರಿ ಬಿಡಿ!” ಮೇಡಂ ಅಂದರು. ಶೆಡ್ಡು ಗೊಳ್ಳೆಂದಿತು. “ಲೇಬಲ್ ರೂಮೂ ಬೇಡ, ಏನೂ ಬೇಡ. ಇಲ್ಲೇ ಇರಮ್ಮಾ ನೀನು. ಲೈನ್ ಹಚ್ಚಿ!”

ಬಾಟಲಿಗಳು ಮತ್ತೆ ಒಂದರ ಹಿಂದೊಂದು ಹೊರಟವು. ಅವನು ಸ್ಟೂಲನ್ನು ಅವಳತ್ತ ತಳ್ಳಿ, ತಾನು ನೆಲದ ಮೇಲೆ ಕೂತ.

“ಯಾರಾದ್ರೂ ಒಬ್ಬರು ಮನೆ ಬದಲಾಯಿಸ್ಬೇಕಲ್ಲ. ಆ ಮನೆ ನೀವೇ ಇಟ್ಕೊಳ್ಳಿ. ನಾನು ಪಕ್ಕದ್ದಕ್ಕೆ ಹೋಗ್ತೀನಿ.” ತನ್ನ ಕೊನೆಯ ನಂಬರಿಗೆ ಒಂದು ಕೂಡಿಸಿದ. ಎರಡೂ ಪರದೆಗಳಲ್ಲಿ ಉತ್ತರದ ಸಾಲುಗಳು ಜೊತೆಜೊತೆಯಾಗಿ ಇಳಿಯತೊಡಗಿದವು.

“ಲೇಬಲ್ ರೂಮಿಗೆ...” ಅವಳ ದನಿ ಸಣ್ಣದಾಯಿತು. “ಕಳಿಸಿ ಅಂತ ನೀವೇ...?”

“ನಾನು ರೂಮಿನ ಹೆಸರೇ ಎತ್ತಿಲ್ಲ ಕಣ್ರೀ! ದಿನಾ ಕತ್ತಲಲ್ಲೇ ಎದ್ದು ಬರ್ತಾರೆ, ಅರ್ಧ ದಿನ ಲೈನಿಲ್ದೆ ಸುಮ್ಮನೆ ಕೂತಿರ್ತಾರೆ, ಪಾಪ. ಹೊಸ ಡಬ್ಬಿ ಬರೋ ತನಕ ಏನಾದ್ರೂ ಕೆಲಸ ಕೊಡಿ ಅಂದೆ.” ಅವನು ಗಾಬರಿಯಿಂದ ಅವಳ ಮುಖ ನೋಡಿದ. “ಅದಕ್ಕೇ ಕಣ್ಣು ಹೀಗೆ ಊದಿದೆಯಾ? ಛೇ...”

ಅವಳ ಎದೆಯ ಮೇಲಿನ ಕಲ್ಲು ಉರುಳಿ ಹೋಗಿತ್ತು.

ಆದರೆ ಇನ್ನೊಂದು ಕಲ್ಲು ಕಾದಿತ್ತು. ತೊಂದರೆ ಏನೆಂದು ಪತ್ತೆಯಾಯಿತು ಅಂದರೆ ಅವನ ಕೆಲಸವೂ ಮುಗಿಯಿತು! ಸಂಜೆಯ ಹೊತ್ತಿಗೆ ಅವನು ಚೀಲ ಕಟ್ಟುತ್ತಿದ್ದ. ಟೆಸ್ಟರ್ ಜೇಬಿಗೆ ಹೋಯಿತು. ಮುರಿದ ತುದಿಯ ಅವಳ ಕೇಬಲನ್ನು ಜೋಪಾನವಾಗಿ ಸುರುಳಿ ಸುತ್ತಿದ.

“ಅದು ಕೆಟ್ಟಿದೆ ಸರ್,” ಅಂದಳು.

“ಗೊತ್ತು. ಇರಲಿ, ನನಗೆ ಬೇಕು.”

ಚೀಲ ಹೆಗಲಿಗೇರಿತು. ಅವನು ಹೆಜ್ಜೆ ಎತ್ತಲಿಲ್ಲ.

“ನಿಜ ಹೇಳ್ಲಾ? ಈ ಲೈನ್ ಇನ್ನೊಂದಷ್ಟು ದಿನ ಸರಿ ಹೋಗ್ದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತಿದೆ. ಯಾವ ಎಂಜಿನಿಯರೂ ಹೇಳಬಾರದ ಮಾತು ಇದು...” ನಗಲು ನೋಡಿದ, ಆಗಲಿಲ್ಲ. ಮೊದಲ ದಿನದ ಅದೇ ದನಿಯಲ್ಲಿ ಕೇಳಿದ: “ಏನಾದ್ರೂ... ಕೇಳೋದಿದೆಯಾ?”

ನಾಲಿಗೆಯ ತುದಿಗೆ ಆ ಹಳೆಯ ಮಾತು ಬಂದು ಕೂತಿತು. ಏನಿಲ್ಲ. ಎಷ್ಟು ಸುಲಭ! ಅಂದುಬಿಟ್ಟರೆ ಅವರು ತಲೆಯಾಡಿಸಿ ಹೊರಟುಹೋಗುತ್ತಾರೆ.

ಅವಳು ಆ ಮಾತನ್ನು ನುಂಗಿಕೊಂಡಳು.

“ಕೇಳೋದಲ್ಲ ಸರ್. ಹೇಳೋದಿದೆ.”

“ಹೇಳಿ...”

“ನಾನು ದಿನಾ ಅಷ್ಟು ಬೇಗ ಬರ್ತಿದ್ದದ್ದು,” ಅವಳು ಮೊದಲ ಬಾರಿಗೆ ತಲೆ ಎತ್ತಿ ಅವನ ಕಣ್ಣನ್ನೇ ನೋಡಿದಳು, “ಮೆಷಿನ್‌ಗೋಸ್ಕರ ಅಲ್ಲ.”