ಭಾನುವಾರದ ಪೇಷಂಟು

“ಕುಡಿದಾಂವ ಹೆಂಗ ಕುಂದ್ರತಾನ?”

ಐದನೇ ಮಹಡಿಯ ಕಾರಿಡಾರಿನಲ್ಲಿ ಬೇರೆ ಯಾರೂ ಇರಲಿಲ್ಲ. ಆ ಮನುಷ್ಯರು ಗೋಡೆಗೆ ಒರಗಿ ನಿಂತು ಎದುರಿನ ಖಾಲಿ ಕುರ್ಚಿಯನ್ನೇ ಕೇಳುತ್ತಿದ್ದರು. ಅಂಗಿ ಬೆವರಿ ಬೆನ್ನಿಗಂಟಿತ್ತು. ಏದುಸಿರು. ಬೆರಳುಗಳಲ್ಲಿ ಸಣ್ಣ ನಡುಕ. ಕುರ್ಚಿ ಉತ್ತರ ಕೊಡದಿದ್ದಾಗ ತಾವೇ ಹೋಗಿ ಕುಳಿತರು. ಒಮ್ಮೆ ಎಡಕ್ಕೆ ವಾಲಿದರು, ಒಮ್ಮೆ ಬಲಕ್ಕೆ. ಯಾವುದೂ ಒಗ್ಗದೆ, ಕೊನೆಗೆ ಹೆಣ್ಣು ನೋಡಲು ಬಂದ ವರನಂತೆ ಮೊಣಕಾಲು ಜೋಡಿಸಿ ನೆಟ್ಟಗೆ ಕೂತರು.

ನಾನು ಮನೋವೈದ್ಯೆ. ಬೆವರು, ನಡುಕ, ಗಾಳಿಯ ಜೊತೆ ಮಾತು: ರೋಗ ಯಾವುದೆಂದು ನಿಂತಲ್ಲೇ ತೀರ್ಮಾನಿಸಿಬಿಟ್ಟೆ.

“ಕೊನೇ ಸಲ ಕುಡಿದದ್ದು ಯಾವಾಗ?” ಮೆಲ್ಲಗೆ ಕೇಳಿದೆ.

ಅವರು ಬೆಚ್ಚಿ ಎದ್ದು ನಿಂತರು. “ಈಗರೀ. ಕೆಳಗ, ಗೇಟಿನ ಹತ್ರ.”

“ಎಂತದು?”

“ಲಿಂಬು ಸೋಡಾ.”

ನಮ್ಮ ಮೊದಲ ಭೇಟಿ ಹೀಗಾಯಿತು. ನಾನು ಸುಮಿತ್ರ, ಊರು ಕಾಸರಗೋಡಿನ ಕಡೆ. ಅವರು ವಿಠಲ ಹಂಚಿನಾಳ, ಧಾರವಾಡದವರು, ಎರ್ನಾಕುಲಂನ ಒಂದು ಬ್ಯಾಂಕಿನಲ್ಲಿ ಆಫೀಸರ್. ನಮ್ಮ ಆಸ್ಪತ್ರೆಯಲ್ಲಿ ನಾಲ್ಕು ಭಾನುವಾರ ಹಳ್ಳಿ ಕಡೆಯ ಕ್ಲಿನಿಕ್ಕುಗಳ ವೈದ್ಯರಿಗೆ ತರಬೇತಿ ಇತ್ತು. ಕುಡಿತದ ಚಟ, ಖಿನ್ನತೆ, ಗಾಬರಿ ರೋಗ, ಇಂಥವನ್ನು ಗುರುತಿಸುವುದು ಹೇಗೆ, ಔಷಧಿ ಕೊಡುವುದು ಹೇಗೆ ಎಂದು. ಅಭ್ಯಾಸಕ್ಕೆ ಸುಳ್ಳು ಪೇಷಂಟು ಬೇಕು. ಮಲಯಾಳದ ಪೇಷಂಟಿನ ಪಾತ್ರಕ್ಕೆ ನಾಟಕದ ಹುಡುಗರು ಸಿಕ್ಕಿದ್ದರು. ಗಡಿಯ ಕಡೆಯಿಂದ ಬಂದ ವೈದ್ಯರ ಪೇಷಂಟುಗಳಲ್ಲಿ ಅರ್ಧದಷ್ಟು ಜನ ಕನ್ನಡದವರು. ಅದಕ್ಕಾಗಿ ಕನ್ನಡ ಸಂಘವನ್ನು ಕೇಳಿದರೆ, ಅವರು ಹುಡುಕಿ ಹುಡುಕಿ ಕಳಿಸಿದ್ದು ಜೀವಮಾನದಲ್ಲಿ ಒಂದು ಸುಳ್ಳು ಹೇಳಿ ಗೊತ್ತಿಲ್ಲದ ಈ ಮನುಷ್ಯರನ್ನು.

“ಇಷ್ಟು ಬೆವರಿದ್ದೀರಲ್ಲ, ಲಿಫ್ಟ್ ಕೆಟ್ಟಿದೆಯಾ?”

“ಇಲ್ರಿ, ಮೆಟ್ಟಲಾ ಹತ್ತಿದೆ. ಎಕ್ಸರ್‌ಸೈಜ್ ಆಗ್ತದಲ್ಲ.”

ಹೇಳುವಾಗ ಕಣ್ಣು ಕೆಳಗೆ ಹೋಯಿತು. ವೈದ್ಯೆಯಾದವಳು ಅದನ್ನು ಗಮನಿಸಬೇಕಿತ್ತು. ನಾನು ಗಮನಿಸಿದ್ದು ರೆಪ್ಪೆಗಳನ್ನು. ಗಂಡಸಿಗೆ ಅಷ್ಟು ಉದ್ದದ ರೆಪ್ಪೆ ದೇವರು ಯಾಕೆ ಕೊಟ್ಟನೋ.

ಅವರ ಕೈಗೆ ಕೊಟ್ಟ ಕಾರ್ಡಿನಲ್ಲಿ ಹೀಗಿತ್ತು: ಹೆಸರು ರತ್ನಾಕರ, ಅಂಬಲಮುಗಳ್ ಕಡೆ ವೆಲ್ಡಿಂಗ್ ಕೆಲಸ, ದಿನಾ ಕುಡಿತ. ಎದುರಿಗೆ ಕೂತವಳು ಡಾಕ್ಟರ್ ನಿಖಿತಾ, ಕಾಲೇಜು ಮುಗಿಸಿ ಆರು ತಿಂಗಳಾದ ಹುಡುಗಿ.

“ದಿನಕ್ಕೆ ಎಷ್ಟು ಕುಡೀತೀರಿ, ರತ್ನಾಕರಣ್ಣ?”

“ಎರಡು ಚರಿಗಿ.”

“ಬ್ರಾಂದಿಯಾ?”

“ಹೌದ್ರಿ. ಊಟ ಆದಮ್ಯಾಲೆ. ಸ್ವಲ್ಪ ಜೀರಿಗಿ ಹಾಕ್ಕೊಂಡು.”

ಹಿಂದಿನ ಬೆಂಚಿನಲ್ಲಿ ಯಾರೋ ಚಹಾ ಉಗುಳಿದರು. ನಿಖಿತಾ ಬಿಡಲಿಲ್ಲ. “ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನಿಸ್ತದಾ?”

“ಬೆಳಿಗ್ಗೆ ಹೆಂಗ್ರಿ? ಪೂಜಿ ಇರ್ತದಲ್ಲ.”

ನಗು ಅಡಗುವ ತನಕ ಕಾದು ನಾನು ಹೇಳಬೇಕಾದದ್ದನ್ನು ಹೇಳಿದೆ. ದಿನಾ ಕುಡಿಯುವವರಿಗೆ “ಇವತ್ತೇ ಬಿಡು” ಎಂದು ಬೈದು ಕಳಿಸಬಾರದು. ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಔಷಧಿ ಕೊಟ್ಟು, ಕಣ್ಣಿಟ್ಟು, ಮೆಲ್ಲಗೆ ಇಳಿಸಬೇಕು. ರತ್ನಾಕರಣ್ಣ ಎಲ್ಲರಿಗಿಂತ ಶ್ರದ್ಧೆಯಿಂದ ತಲೆಯಾಡಿಸಿ, ಜೇಬಿನ ಚೀಟಿಯಲ್ಲಿ ಬರೆದುಕೊಂಡರು.

ಮರುವಾರ ಬಂದಾಗ ಮುಖ ಸಣ್ಣದಾಗಿತ್ತು. ತಮ್ಮ ಅಭಿನಯ ಸುಧಾರಿಸಬೇಕೆಂದು ಸರಕಾರಿ ಮದ್ಯದಂಗಡಿಯ ಕ್ಯೂನಲ್ಲಿ ನಲವತ್ತು ನಿಮಿಷ ನಿಂತು ಜನರನ್ನು ನೋಡಿದರಂತೆ. ಕಿಟಕಿಯ ಹತ್ತಿರ ತಮ್ಮ ಸರದಿ ಬಂದಾಗ “ಏನೂ ಬ್ಯಾಡ್ರಿ” ಎಂದು ಕೈಮುಗಿದು ಹೊರಟರಂತೆ. ತಿರುಗಿದರೆ, ಹಿಂದೆ ಬ್ಯಾಂಕಿನ ಇಬ್ಬರು ಗಿರಾಕಿಗಳು.

“ಸೋಮವಾರ ಒಬ್ರು ರಿಟೈರ್ಡ್ ಟೀಚರ್ ಬಂದು ನನ್ನ ಕೈ ಹಿಡಕೊಂಡು ಅತ್ತುಬಿಟ್ರು. ‘ಮೋನೆ, ಮಗನೇ, ಚಿಕ್ಕ ವಯಸ್ಸು’ ಅಂತ. ನಾ ಬರೇ ನೋಡಾಕ ನಿಂತಿದ್ದೆ ಅಂದ್ರ ಯಾರ್ ನಂಬ್ತಾರ್ರಿ?”

“ಎಲ್ಲ ಪೇಷಂಟುಗಳೂ ಹಾಗೇ ಹೇಳುವುದು, ಮಾರಾಯ್ರೆ.”

ಅವರು ನನ್ನನ್ನು ನೋಡಿದರು. ನಾನು ನಗುತ್ತಿದ್ದೇನೆ ಎಂದು ತಿಳಿಯಲು ಅವರಿಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ನಕ್ಕರು, ಮೊದಲು ಕಣ್ಣು, ನಂತರ ತುಟಿ.

ಆ ದಿನದ ಕಾರ್ಡು ಖಿನ್ನತೆ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಬೇಕು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಕಲಿಸಿದ್ದೆ. ನಿಖಿತಾ ಕೇಳಿದಳು. ಕೇಳುವಾಗ ಅವಳ ಕಣ್ಣೇ ತುಂಬಿತು. ವಿಠಲ ಪಾತ್ರ ಮರೆತು ಕರವಸ್ತ್ರ ಚಾಚಿದರು: “ಅಳಬ್ಯಾಡ್ರಿ ಡಾಕ್ಟರ್. ಎಲ್ಲಾ ಛಲೋ ಆಗ್ತದ.”

ಆ ವಾರ ನನಗೆ ಊಟ ಸೇರಲಿಲ್ಲ. ಬೆಳಗಿನ ನಾಲ್ಕಕ್ಕೇ ಎಚ್ಚರ. ಕೆಲಸದಲ್ಲಿ ಮನಸ್ಸಿಲ್ಲ. ಬೆರಳು ಮಡಚಿ ಎಣಿಸಿದೆ. ಖಿನ್ನತೆ ಎನ್ನಲು ಎರಡು ವಾರ ತುಂಬಬೇಕು, ನನಗೆ ಒಂಬತ್ತೇ ದಿನ. ಅದೂ ಅಲ್ಲದೆ ಖಿನ್ನತೆ ಇರುವವರು ಸ್ನಾನದ ಮನೆಯಲ್ಲಿ ಹಾಡುವುದಿಲ್ಲ. ಇದು ನಮ್ಮ ಪುಸ್ತಕದಲ್ಲಿಲ್ಲದ ಬೇರೇನೋ.

ಮೂರನೇ ಭಾನುವಾರದ ಕಾರ್ಡು ಗಾಬರಿ ರೋಗ. ನಾಲ್ಕೇ ಸಾಲು: ಲಿಫ್ಟಿನಲ್ಲಿ ಹೋಗುವಾಗ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಸತ್ತೇಹೋಗುತ್ತೇನೆ ಅನ್ನಿಸುತ್ತದೆ, ಇಸಿಜಿ ಸರಿ ಇದೆ.

ವಿಠಲ ಕಾರ್ಡು ಓದಿದರು. ಮಡಚಿ ಜೇಬಿನಲ್ಲಿಟ್ಟರು.

“ಮೆಟ್ರೋ ಬಾಗಿಲಾ ಮುಚ್ಚತದ ನೋಡ್ರಿ, ಆವಾಗ ಸುರು,” ಎಂದರು. “ಬಸ್ಸಿನಾಗಾದ್ರ ಕಂಡಕ್ಟರ್‌ಗೆ ಹೇಳಿದ್ರ ಇಳಸ್ತಾನ. ಇಲ್ಲಿ ಯಾರಿಗೆ ಹೇಳ್ಲಿ? ಬಾಗಿಲಾ ತಾನ ಮುಚ್ಚತದ, ತಾನ ತಗೀತದ. ಕೆಳಗ ನೋಡಿದ್ರ ತೆಂಗಿನ ತಲಿ. ಎದಿ ಬಾಯಿಗೆ ಬರ್ತದ. ಎದುರಿಗೆ ಒಂದು ಕೂಸು ನನ್ನ ನೋಡಿ ನಗತಿತ್ರಿ. ನಾ ಸಾಯಾಕತ್ತೀನಿ, ಅದು ನಗತದ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ರಾಗವಾಗಿ ಪದ್ಯ ಓದುತ್ತಿದ್ದರು. ನನಗೆ ಹಾಗೆ ರಾಗವಾಗಿ ಓದಲು ಬಾರದು, ಕಣ್ಣು ಮುಚ್ಚಿ ಕೇಳುವುದೊಂದೇ ನನ್ನ ಕೆಲಸ. ಪದ್ಯ ಕಲಿತು ಓದುವವರು ಉಸಿರನ್ನು ಸಾಲಿನ ಕೊನೆಗೆ ತೆಗೆದುಕೊಳ್ಳುತ್ತಾರೆ. ನಿಜವಾಗಿ ಅಳು ಬಂದವರ ಉಸಿರು ಮಾತ್ರ ಪದದ ನಡುವೆ ಒಡೆಯುತ್ತದೆ. ಅಪ್ಪನಿಗೆ ಹಾಗಾದದ್ದು ಒಂದೇ ಸಲ, ಅಜ್ಜಿ ತೀರಿಕೊಂಡ ವಾರ. ವಿಠಲರ ಉಸಿರು ಅವತ್ತು ಪದದ ನಡುವೆ ಒಡೆಯುತ್ತಿತ್ತು. ಮೇಜಿನ ಕೆಳಗೆ ಬಲಗೈ ಬೆರಳು ಎಡಗೈಯ ನಾಡಿ ಹಿಡಿದಿತ್ತು.

ಚಹಾದ ಹೊತ್ತಿಗೆ ಹತ್ತಿರ ಹೋದೆ. “ಕಾರ್ಡಿನಲ್ಲಿ ಲಿಫ್ಟ್ ಅಂತ ಇತ್ತು. ನೀವು ಮೆಟ್ರೋ ಅಂದಿರಿ.”

“ಲಿಫ್ಟೂ ಆಗಂಗಿಲ್ರಿ.” ಲೋಟದೊಳಗೆ ನೋಡುತ್ತ ಹೇಳಿದರು. “ರೈಲೂ ಆಗಂಗಿಲ್ಲ. ಮೂರು ಸರ್ತಿ ತಿರುವನಂತಪುರಕ್ಕ ಪ್ರಮೋಶನ್ ಕೊಟ್ರು, ಮೂರು ಸರ್ತಿ ಒಲ್ಲೆ ಅಂದೆ. ಊರಿಗೆ ಹೋಗಿ ಒಂದು ವರ್ಷದ ಮ್ಯಾಲಾತು. ಅವ್ವಗ ‘ರಜಾ ಸಿಗವಲ್ದು’ ಅಂತ ಹೇಳೀನಿ.”

ಮೆಟ್ಟಿಲಿನ ಎಕ್ಸರ್‌ಸೈಜೂ ಸೇರಿದರೆ ಜೀವಮಾನದ ಎರಡೇ ಸುಳ್ಳು.

“ಇದಕ್ಕೆ ಔಷಧಿ ಉಂಟು,” ಎಂದೆ. “ಪೂರ್ತಿ ಸರಿಯಾಗುವ ಕಾಯಿಲೆ ಇದು.”

ಮುಖ ಅರಳಿತು. “ಹಂಗಾದ್ರ ನೀವ ನೋಡ್ರಿ ನನ್ನ. ಎದಿ ಡವಡವ ಅನ್ನೂದನ್ನ ಮಲಯಾಳದಾಗ ಹೆಂಗ ಹೇಳ್ಲಿ?”

ಆ ಮುಖಕ್ಕೆ ಹೂಂ ಎನ್ನುವುದು ಎಷ್ಟು ಸುಲಭವಿತ್ತು. ವಾರಕ್ಕೊಮ್ಮೆ ಬರುತ್ತಿದ್ದರು, ಎದುರಿಗೆ ಕೂರುತ್ತಿದ್ದರು, ನಾನು ಕೇಳುತ್ತಿದ್ದೆ. ಆದರೆ ಬೇರೇನೂ ಆಗುತ್ತಿರಲಿಲ್ಲ. ಎಂದೆಂದಿಗೂ.

“ನನ್ನ ಲಿಸ್ಟ್ ಫುಲ್ ಉಂಟು,” ಎಂದೆ. “ನನ್ನ ಜೊತೆ ಓದಿದ ಡಾಕ್ಟರ್ ಅಲ್ವಿನ್ ಇಲ್ಲೇ ಇದ್ದಾರೆ. ಒಳ್ಳೆಯವರು. ನಾಳೆಯೇ ಹೋಗಿ.”

ವಿಠಲ ಲೋಟ ಕೆಳಗಿಟ್ಟರು. “ಯಾಕ್ರಿ, ನಾ ಅಷ್ಟು ಹುಚ್ಚ ಅದೀನೇನು, ನಿಮ್ಗ ಸಹಿತ ಬ್ಯಾಡಾಗೂವಷ್ಟು?”

ಅವರು ಐದು ಮಹಡಿ ಇಳಿದು ಹೋಗುವ ಚಪ್ಪಲಿ ಸದ್ದು ಕೇಳುತ್ತ ನಿಂತೆ. ಸಂಜೆ ಎರ್ನಾಕುಲತ್ತಪ್ಪನ ಗುಡಿಯಲ್ಲಿ ಕಣ್ಣು ಮುಚ್ಚಿದರೂ ಅದೇ ಸದ್ದು.

ಕೊನೆಯ ಭಾನುವಾರ ಬಂದರು. ಮಾತು ಕೊಟ್ಟದ್ದಕ್ಕೆ ಬಂದರು, ನನ್ನ ಕಡೆ ನೋಡಲಿಲ್ಲ. ಮೂಲೆಯ ಕುರ್ಚಿಯಲ್ಲಿ ಪಳಂಪೊರಿ ತಿನ್ನುತ್ತ ಕೂತರು. ಬಾಳೆಹಣ್ಣಿನ ಆ ಕರಿದ ತಿಂಡಿ ಅವರಿಗೆ ಕೇರಳ ಕೊಟ್ಟ ಒಂದೇ ಚಟ. ನಮ್ಮ ಪ್ರೊಫೆಸರ್ ರಾಮಚಂದ್ರ ಸರ್ ಮುಕ್ತಾಯದ ಭಾಷಣಕ್ಕೆ ನಿಂತರು.

“ಒಂದು ಮಾತು ಮರೆಯಬೇಡಿ,” ಸರ್ ಇಂಗ್ಲಿಷಿನಲ್ಲಿ ಗುಡುಗಿದರು. “ಪೇಷಂಟು ಪೇಷಂಟೇ. ಅವರ ಮನೆ ಊಟ ಬೇಡ. ಅವರ ಕೊಡೆಯೊಳಗೆ ನಡೆಯುವುದು ಬೇಡ. ಪ್ರೀತಿ, ಮದುವೆ, ಕೇಳಲೇಬೇಡಿ. ಯಾರ ಮೇಲಾದರೂ ಮನಸ್ಸಾಗಿದ್ದರೆ ಅವರ ಫೈಲು ತೆರೆಯಬೇಡಿ, ಬೇರೆ ಡಾಕ್ಟರಿಗೆ ಕಳಿಸಿ. ಫೈಲು ತೆರೆದಿರೋ, ಆ ಬಾಗಿಲು ಮುಚ್ಚಿತು.”

ಮೂಲೆಯಲ್ಲಿ ಪಳಂಪೊರಿ ಬಾಯಿಗೆ ಹೋಗುತ್ತಿದ್ದದ್ದು ಅರ್ಧದಲ್ಲಿ ನಿಂತಿತು.

ಆ ಉದ್ದ ರೆಪ್ಪೆಗಳು ಮೆಲ್ಲಗೆ ಎದ್ದವು. ನನ್ನ ತನಕ ಬಂದವು. ನಾನು ಹಾಜರಿ ಪುಸ್ತಕ ನೋಡತೊಡಗಿದೆ. ಅಲ್ಲಿದ್ದದ್ದು ಹತ್ತೊಂಬತ್ತು ಹೆಸರು, ಏಳು ಸಲ ಎಣಿಸಿದೆ.

ಮರುದಿನ ವಿಠಲ ಅಲ್ವಿನ್ ಬಳಿ ಹೋದರು. ಅದರ ಮರುವಾರ ನನಗೆ ತಿರುವನಂತಪುರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ನಾನು ಹೊರಟೆ. ನಮ್ಮ ನಡುವೆ ಫೋನ್ ಉಳಿಯಿತು, ಒಂದು ಕರಾರಿನ ಮೇಲೆ: ಗುಳಿಗೆಯ ಮಾತು ನನ್ನ ಹತ್ತಿರ ಆಡಬಾರದು.

“ಹೊಟ್ಟಿ ತೊಳಸ್ತದ್ರಿ...”

“ಅಲ್ವಿನ್‌ಗೆ ಹೇಳಿ.”

“ಎರಡು ವಾರ ಆತು, ಇನ್ನೂ ಏನೂ...”

“ಅಲ್ವಿನ್!”

“ಬರೇ ಅರಾಮ ಅದೀರೇನು ಅಂತ ಕೇಳಬಹುದೇನ್ರಿ?”

“ಅದನ್ನು ಕೇಳಬಹುದು.”

ಅಲ್ವಿನ್ ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರಂತೆ. ಸಣ್ಣ ಪ್ರಮಾಣದ ಗುಳಿಗೆ ಕೊಟ್ಟು, ಕೆಲಸ ಮಾಡಲು ಕೆಲವು ವಾರ ಬೇಕು, ಅವಸರ ಬೇಡ ಎಂದರಂತೆ. ಆಮೇಲೆ ಮೆಟ್ರೋ ಶುರುವಾಗುವ ಆಲುವದಿಂದ ಹತ್ತಿಸಿದರಂತೆ, ಒಂದೊಂದೇ ಸ್ಟೇಷನ್. ಗಾಬರಿ ಬಂದರೂ ಇಳಿಯದೆ, ಅದು ತಾನಾಗಿ ಇಳಿಯುವವರೆಗೆ ಕೂತಿರಬೇಕು. ಗಾಬರಿ ಹೇಳಿಕೊಳ್ಳಲು ವಿಠಲರೇ ಅಲ್ವಿನ್‌ಗೆ ‘ಅಂಜಿಕಿ’ ಎಂಬ ಒಂದು ಪದ ಕಲಿಸಿದರಂತೆ. ಈಗ ಆ ಮಲಯಾಳಿ ವೈದ್ಯರು “ಇನ್ನ್ ಅಂಜಿಕಿ ಎತ್ರ?”, ಇವತ್ತು ಅಂಜಿಕೆ ಎಷ್ಟು, ಎಂದು ಕೇಳಿ, ಹತ್ತಕ್ಕೆ ಇಷ್ಟು ಎಂದು ಬರೆದುಕೊಳ್ಳುತ್ತಾರಂತೆ.

ಒಂದು ಸಂಜೆ, ನಾನು ದೀಪ ಹಚ್ಚುವ ಹೊತ್ತಿಗೆ, ಒಂದು ಮೆಸೇಜು. ಒಂದೇ ಪದ.

ಪುಳಿಂಚೋಡ್.

ಎರಡು ದಿನ ಬಿಟ್ಟು, ಕಂಪನಿಪ್ಪಡಿ. ಆಮೇಲೆ ಅಂಬಾಟ್ಟುಕಾವ್. ಪ್ರೇಮಪತ್ರ ಎಂದರೆ ಮಲ್ಲಿಗೆ, ಬೆಳದಿಂಗಳು ಇರುತ್ತದೆಂದು ಕೇಳಿದ್ದೆ. ನನಗೆ ಬಂದದ್ದು ಮೆಟ್ರೋ ಸ್ಟೇಷನ್ನುಗಳು. ಅಪ್ಪನ ರಾಗದಲ್ಲಿ ಅವನ್ನೇ ಗುನುಗಿದೆ: ಆಲುವ, ಪುಳಿಂಚೋಡ್, ಕಂಪನಿಪ್ಪಡಿ... ದೇವರಿಗೂ ಅಭ್ಯಾಸವಾಗಿರಬೇಕು.

ಮುಟ್ಟಂ ಎಂದು ಬರಬೇಕಾದ ದಿನ ಮೆಸೇಜು ಬರಲಿಲ್ಲ. ದೀಪದ ಎಣ್ಣೆ ಮುಗಿಯಿತು. ಮತ್ತೆ ಹಾಕಿದೆ. ಕೊನೆಗೆ ಫೋನ್ ಬಂತು.

“ಮುಟ್ಟಂನಾಗ ಅಂಜಿಕಿ ಇಳಿಯೂ ಮೊದಲ ನಾ ಇಳಿದು ಪ್ಲಾಟ್‌ಫಾರ್ಮ್ ಮ್ಯಾಲೆ ಕುಂತಬಿಟ್ಟೆ. ಗಾರ್ಡ್ ನೀರು ಕೊಟ್ಟ. ಸೋತೆರಿ.”

“ಹಿಂದೆ ಮನೆಗೆ ಹೇಗೆ ಬಂದಿರಿ?”

“ಮೆಟ್ರೋದಾಗ.”

“ಸೋತದ್ದು ಎಲ್ಲಿ ಮತ್ತೆ?”

ಆ ಕಡೆ ಉಸಿರು ಕೇಳಿದೆ. ಸಾಲಿನ ಕೊನೆಗೆ ಸರಿಯಾಗಿ ಬಂದು ನಿಂತಿತು.

ಕಳಮಶ್ಶೇರಿ, ಇಡಪ್ಪಳ್ಳಿ, ಪಾಲಾರಿವಟ್ಟಂ, ಕಲೂರು. ನಾಲ್ಕು ತಿಂಗಳಿಗೆ ಎರ್ನಾಕುಲಂ ಸೌತ್, ರೈಲ್ವೆ ಸ್ಟೇಷನ್ನಿನ ಪಕ್ಕದ್ದು. ಆಮೇಲೆ ಒಂದು ವಾರ ಏನೂ ಇಲ್ಲ. ಅಲ್ವಿನ್ ಹಾಕಿಕೊಟ್ಟ ದಾರಿ ಮುಗಿಯಿತಲ್ಲ, ಇನ್ನು ಬರೆಯಲು ಸ್ಟೇಷನ್ ಎಲ್ಲಿದೆ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ.

ಒಂದು ಶನಿವಾರ ಬೆಳಿಗ್ಗೆ ಓಪಿಡಿಯಲ್ಲಿ ಕೂತಿದ್ದಾಗ ಫೋನ್ ಮಿಣುಕಿತು.

ಕೋಟ್ಟಯಂ.

ಇದು ಮೆಟ್ರೋ ಅಲ್ಲ, ತಿರುವನಂತಪುರಕ್ಕೆ ಬರುವ ರೈಲಿನ ದಾರಿ. ಎದುರಿಗಿದ್ದ ಪೇಷಂಟು “ಡಾಕ್ಟರಿಗೆ ಹುಷಾರಿಲ್ಲವೇ?” ಎಂದು ಮಲಯಾಳದಲ್ಲಿ ಕೇಳಿದರು. ಹತ್ತು ಗಂಟೆಗೆ ಚೆಂಗನ್ನೂರು. ಕೊಲ್ಲಂ. ವರ್ಕಲ ಎಂದು ಬಂದಾಗ ನಾನು ಆಗಲೇ ಆಟೋದಲ್ಲಿದ್ದೆ.

ರೈಲಿನಿಂದ ಇಳಿದ ವಿಠಲ ಬೆವರಿದ್ದರು, ಕೂದಲು ಕೆದರಿತ್ತು, ಮುಖದ ತುಂಬ ನಗು. ಕಂಕುಳಲ್ಲಿ ಒಂದು ಹಳದಿ ಫೈಲು. “ಅಂಜಿಕಿ ಎರಡು,” ಎಂದರು ನನ್ನನ್ನು ಕಂಡ ಕೂಡಲೇ. “ಕೊಲ್ಲಂನಾಗ ಐದಿತ್ತು.”

ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಕೂತೆವು. ಎರಡು ಚಹಾ, ಎರಡು ಪಳಂಪೊರಿ. ನಾಲ್ಕನೇ ಸಲ ಬಂದ ಪ್ರಮೋಶನ್ ಒಪ್ಪಿಕೊಂಡರಂತೆ, ಸೋಮವಾರದಿಂದ ಇದೇ ಊರು. ಮುಂದಿನ ತಿಂಗಳು ಧಾರವಾಡಕ್ಕೆ ಟಿಕೆಟು. ಅವ್ವನಿಗೆ ನಿಜ ಹೇಳಿದರಂತೆ.

“ಅವ್ವ ಏನಂದ್ರು?”

“‘ರಜಾ ಸಿಗವಲ್ದು ಅಂದಾಗ ಗೊತ್ತಾಗಿತ್ತು, ನಿನಗ ಸುಳ್ಳು ಹೇಳಾಕ ಬರಂಗಿಲ್ಲ’ ಅಂದ್ಲು.”

ನಗುತ್ತಲೇ ಫೈಲನ್ನು ಮೇಜಿನ ಮೇಲಿಟ್ಟು, ನನ್ನ ಕಡೆಗೆ ತಳ್ಳಿದರು.

“ಗುಳಿಗಿ ಇನ್ನೂ ಕೆಲವು ತಿಂಗಳು ನಡೀಬೇಕಂತ್ರಿ. ಈ ಊರಾಗ ಯಾರಿಗರೆ ತೋರಸ್ರಿ ಅಂದಾರ ಅಲ್ವಿನ್ ಸಾಹೇಬ್ರು. ಕನ್ನಡ ಬರೋ ಡಾಕ್ಟರು ನಂಗ ಗೊತ್ತಿರೋರು ನೀವೊಬ್ರ.” ಪಳಂಪೊರಿ ಕೈಗೆತ್ತಿಕೊಂಡರು. “ನಿಮ್ಮ ಲಿಸ್ಟಿನಾಗ ಜಾಗಾ ಅದ ಏನ್ರಿ ಈಗ? ನನ್ನ ನಿಮ್ಮ ಪೇಷಂಟ್ ಮಾಡ್ಕೋರಿ.”

ಪಳಂಪೊರಿ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತ್ತು, ಆ ಭಾನುವಾರ ನಿಂತಿದ್ದ ಹಾಗೆ. ರೆಪ್ಪೆಗಳು ಎದ್ದು ನನ್ನ ಮೇಲೆ ನಿಂತವು. ಇವರಿಗೆ ಎಲ್ಲ ಗೊತ್ತು. ಕೇಳಿದ್ದೇ ನನ್ನ ಬಾಯಿಂದ ‘ಇಲ್ಲ’ ಎನ್ನಿಸಿಕೊಳ್ಳಲು. ಅಷ್ಟಾದರೂ ಮೇಜಿನ ಕೆಳಗೆ ಎಡಗೈಯ ಹೆಬ್ಬೆರಳು ಉಂಗುರಬೆರಳನ್ನು ಉಜ್ಜುತ್ತಿತ್ತು. ನಾನು ಹೂಂ ಎಂದುಬಿಟ್ಟರೆ ಎಂಬ ಅಂಜಿಕಿ.

ಫೈಲಿನ ಮೇಲೆ ಅಂಗೈ ಇಟ್ಟೆ. ತೆರೆಯದಂತೆ ಒತ್ತಿ ಹಿಡಿದು, ಅವರ ಕಡೆಗೇ ವಾಪಸ್ಸು ತಳ್ಳಿದೆ.

“ಇಲ್ಲ ಮಾರಾಯ್ರೆ,” ಎಂದೆ. “ಈ ಜನ್ಮದಲ್ಲಿ ಇಲ್ಲ.”